ಗೊಣ್ಣೆ ಹುಳ, ಹಂದಿ ಮತ್ತು ನನ್ನ ಒಂದು ಗುಂಟೆ ಲಾನು

ಎರಡು ವರ್ಷದ ಹಿಂದೆ, ಮಘಾ ಮಳೆಯ ಹೊತ್ತು, ಆಗಸ್ಟ್ ಕೊನೆ. ಬೆಳಿಗ್ಗೆ ಬಾಗಿಲು ತೆಗೆದರೆ ಲಾನಿನ ಒಂದು ಮೂಲೆ ಮಗುಚಿ ಬಿದ್ದಿತ್ತು. ಹಾಸಿದ ಕೌದಿಯ ತುದಿ ಹಿಡಿದು ಯಾರೋ ಎಳೆದ ಹಾಗೆ. ಹುಲ್ಲು ಕಿತ್ತಿರಲಿಲ್ಲ, ತಿಂದಿರಲಿಲ್ಲ. ಅಡಿಮೇಲಾಗಿತ್ತು, ಅಷ್ಟೇ.

ನಮ್ಮ ಮನೆ ಧಾರವಾಡದಲ್ಲಿ, ನುಗ್ಗಿಕೇರಿಯಿಂದ ಸ್ವಲ್ಪ ಆಚೆ. ಹಿಂದೆ ಕುರುಚಲು ಗಿಡ, ಅದರಾಚೆ ಮಾವಿನ ತೋಟ. ಸಡಿಲವಾದ ಕೆಮ್ಮಣ್ಣು. ಮುಂದೆ 40 ಅಡಿ ಉದ್ದ, 30 ಅಡಿ ಅಗಲದ ಲಾನು, ಒಂದು ಗುಂಟೆಗಿಂತ ಸ್ವಲ್ಪ ಜಾಸ್ತಿ. ನಿವೃತ್ತಿಯಾದ ಮೇಲೆ ಮಾಡಿಕೊಂಡ ಶೋಕಿ ಅದು. "ಅಲ್ಲಿ ಮೆಂತ್ಯ ಹಾಕಿದ್ರ ಬಾಯಿಗರ ಬರ್ತಿತ್ತು" ಎಂದು ಮನೆಯಾಕೆ ಇವತ್ತಿಗೂ ಹೇಳುತ್ತಾಳೆ.

ಮಗುಚಿದ ಹುಲ್ಲಿನ ಅಡಿಯಲ್ಲಿ ಬೇರೇ ಇರಲಿಲ್ಲ. ಎಲ್ಲ ಕತ್ತರಿಸಿ ಹೋಗಿತ್ತು. ಕುರುಪಿಯಿಂದ ನಾಲ್ಕು ಬೆರಳು ಕೆದರಿದೆ. ಬಿಳಿ ಹುಳ, ಕಂದು ತಲೆ, ಮುಂದೆ ಮೂರು ಜೊತೆ ಕಾಲು, ಮೈಯೆಲ್ಲ ಬಾಗಿಸಿಕೊಂಡು ಕುಡುಗೋಲಿನ ಹಾಗೆ ಮಲಗಿತ್ತು. ಹಿಂಭಾಗ ಕಪ್ಪಗೆ, ತಿಂದ ಮಣ್ಣು ತೊಗಲಿನೊಳಗಿಂದ ಕಾಣುತ್ತಿತ್ತು. ಗೊಣ್ಣೆ ಹುಳ, ಮಣ್ಣಿನೊಳಗಿದ್ದು ಬೇರು ತಿನ್ನುವ ದುಂಬಿಯ ಮರಿ. ಕಬ್ಬು, ಶೇಂಗಾ ಬೆಳೆಯುವವರಿಗೆ ಇದರ ಪರಿಚಯ ನಾನು ಮಾಡಿಕೊಡಬೇಕಿಲ್ಲ.

ಆದರೆ ಅವತ್ತು ನನ್ನ ಸಿಟ್ಟು ಹುಳದ ಮೇಲೆ ಇರಲಿಲ್ಲ, ಹಂದಿಯ ಮೇಲಿತ್ತು. ಮೊದಲು ಊರ ಹಂದಿ ಅಂದುಕೊಂಡೆ. ಆಮೇಲೆ ಒಂದು ರಾತ್ರಿ ಟಾರ್ಚಿನ ಬೆಳಕಿಗೆ ಬೆನ್ನ ಮೇಲಿನ ನಿಗುರಿದ ಕೂದಲು ಕಂಡಿತು. ಕಾಡುಹಂದಿ, ಜೊತೆಗೆ ಎರಡು ಮರಿ. ಹಗಲು ಬೆಳ್ಳಕ್ಕಿ, ಗೊರವಂಕ. ಸಂಜೆಗೆ ಮುಂಗುಸಿ. ಯಾರು ಬಂದಿದ್ದರು ಅಂತ ತೋಡಿದ ಗುರುತು ನೋಡಿಯೇ ಹೇಳಬಹುದು. ಮುಂಗುಸಿ ಮಾಡುವುದು ಬಟ್ಟಲಿನಂಥ ಸಣ್ಣ ಗುಂಡಿ. ಹೆಗ್ಗಣ ಬಿಲ ಕೊರೆದು ಬಾಯಲ್ಲಿ ಮಣ್ಣಿನ ಗುಪ್ಪೆ ಬಿಡುತ್ತದೆ, ಅದಕ್ಕೂ ಈ ಹುಳಕ್ಕೂ ಸಂಬಂಧ ಕಡಿಮೆ. ಹಂದಿ ಮಾತ್ರ ಮೂತಿಯಿಂದ ನೇಗಿಲು ಹೊಡೆದ ಹಾಗೆ ಸಾಲು ಎಬ್ಬಿಸುತ್ತದೆ.

ಮೊದಲ ವರ್ಷ ಪೂರ್ತಿ ಹಂದಿ ಓಡಿಸುವುದರಲ್ಲೇ ಹೋಯಿತು. ಹೇರ್ ಕಟಿಂಗ್ ಅಂಗಡಿಯಿಂದ ಒಂದು ಚೀಲ ಕೂದಲು ತಂದು ಸುತ್ತ ಹರವಿದೆ. ಎರಡು ರಾತ್ರಿ ಬರಲಿಲ್ಲ. ಮೂರನೇ ದಿನ ಮಳೆ ಬಂತು, ಕೂದಲು ತೊಯ್ದು ನೆಲಕ್ಕೆ ಅಂಟಿತು, ಹಂದಿ ಅದರ ಮೇಲೆಯೇ ನಡೆದು ಬಂತು. ಹಳೆ ಸೀರೆಗಳ ಬೇಲಿ ಇದಕ್ಕಿಂತ ಎಷ್ಟೋ ವಾಸಿ. ಸುಮಾರು ಮೂರು ವಾರ ತಡೆಯಿತು, ಆಮೇಲೆ ಇದು ಬರೀ ಬಟ್ಟೆ ಅಂತ ಅವಕ್ಕೂ ತಿಳಿಯಿತು. ಯಾರಾದರೂ ಹತ್ತಿರ ಬಂದರೆ ತಾನಾಗಿ ಹತ್ತುವ ಸೋಲಾರ್ ಲೈಟು ಒಂದು ವಾರದ ಮಟ್ಟಿಗೆ ಕೆಲಸ ಮಾಡಿತು. ಮುಂಗುಸಿಗಂತೂ ಅದರ ಪರಿವೆಯೇ ಇಲ್ಲ, ಅದು ಬರುವುದೇ ಬೆಳಕಿರುವಾಗ.

ನಿಜವಾಗಿ ತಡೆದದ್ದು ಎರಡೇ. ಒಂದು, ಹಿಂದಿನ ಬದಿಗೆ ಹಾಕಿಸಿದ ತಂತಿ ಜಾಲರಿ. ಅದರ ಬುಡವನ್ನು ಒಂದೂವರೆ ಅಡಿ ನೆಲದೊಳಗೆ ಹೂಳಿಸಿದೆ. ಹೂಳದಿದ್ದರೆ ಹಂದಿ ಕೆಳಗಿನಿಂದ ಎತ್ತಿಕೊಂಡು ಬರುತ್ತದೆ. ಇನ್ನೊಂದು, ಹುಲ್ಲಿನ ಮೇಲೆಯೇ ಮಟ್ಟಸವಾಗಿ ಹಾಸಿ ಮೊಳೆ ಬಡಿದ ಕೋಳಿಗೂಡಿನ ಜಾಲರಿ. ಹುಲ್ಲು ಕಣ್ಣುಗಳಿಂದ ಮೇಲೆ ಬರುತ್ತದೆ, ಮೂತಿ ಒಳಗೆ ಹೋಗುವುದಿಲ್ಲ. ಆದರೆ ಹುಲ್ಲು ಕತ್ತರಿಸುವ ಮಷಿನ್ ಅದರ ಮೇಲೆ ಓಡಿಸುವಂತಿಲ್ಲ, ಕತ್ತರಿಯಲ್ಲೇ ಕತ್ತರಿಸಬೇಕು. ಅರ್ಧ ಲಾನಿಗೆ ಹಾಸಿ ಕೈಬಿಟ್ಟೆ.

ತಂತಿಗೆ ನೇರವಾಗಿ ಮನೆ ಕರೆಂಟ್ ಕೊಡಿ ಎಂದವರೂ ಇದ್ದರು, ಮದ್ದಿನ ಉಂಡೆ ಇಡಿ ಎಂದವರೂ ಇದ್ದರು. ಎರಡೂ ಬೇಡ. ಕಾಡುಹಂದಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಅದೂ ಬಿಡಿ, ಕರೆಂಟ್ ತಂತಿಗೆ ಮೊದಲು ಸಿಗುವುದು ಬೆಳಿಗ್ಗೆ ಹಾಲು ಹಾಕಲು ಬರುವ ಹುಡುಗ. ಉಂಡೆಗೆ ಬಾಯಿ ಹಾಕುವುದು ಬೀದಿಯ ಆಕಳು.

ಪಕ್ಕದ ಕಾಕಾ ಒಂದು ದಿನ ಕಂಪೌಂಡಿನ ಮೇಲಿಂದ ನೋಡುತ್ತ ನಿಂತಿದ್ದರು. ಮೊದಲು ಕಲಘಟಗಿ ಕಡೆ ಕಬ್ಬು ಮಾಡುತ್ತಿದ್ದವರು. "ತಮ್ಮಾ, ಹಂದಿ ನಿನ್ನ ಹುಲ್ಲಿಗೆ ಬರಾಕತ್ತಿಲ್ಲೋ, ಹುಳಕ್ಕ ಬರಾಕತ್ತಾವು. ಊಟ ಇಟ್ಟು ಬಾಗಲಾ ಹಾಕಿದ್ರ ಹೆಂಗ?" ಎಂದರು. ಮರುವರ್ಷದ ಪ್ರಯೋಗ ಶುರುವಾದದ್ದು ಅಲ್ಲಿಂದ.

ಲಾನನ್ನು ಸುತಳಿ ಕಟ್ಟಿ 10 ಅಡಿಯ ನಾಲ್ಕು ಪಟ್ಟಿ ಮಾಡಿದೆ. ಪ್ರತಿ ಪಟ್ಟಿಯಲ್ಲಿ ಮೂರು ಕಡೆ ಒಂದು ಚದರ ಅಡಿ ಹುಲ್ಲನ್ನು ಮೂರು ಬದಿ ಕೊಯ್ದು, ಪುಸ್ತಕದ ಹಾಳೆ ತೆಗೆದ ಹಾಗೆ ಮಡಚಿ, ಹುಳ ಎಣಿಸಿ, ಮತ್ತೆ ಮುಚ್ಚಿ ನೀರು ಹಾಕುವುದು. ಪ್ರಯೋಗಕ್ಕೆ ಮುಂಚೆ ಎಲ್ಲ ಕಡೆ ಚದರ ಅಡಿಗೆ ಎಂಟರಿಂದ ಹನ್ನೊಂದು ಹುಳ. ಎರಡು ಮೂರು ಹುಳ ಇದ್ದರೆ ಚೆನ್ನಾಗಿ ಬೇರು ಬಿಟ್ಟ ಗರಿಕೆ ತಡೆದುಕೊಳ್ಳುತ್ತದೆ, ಹತ್ತು ತಡೆಯುವುದಿಲ್ಲ. ಪುಷ್ಯ ಮಳೆ ನಡೆದಿತ್ತು, ಜುಲೈ ಕೊನೆ. ಹುಳ ಇನ್ನೂ ಸಣ್ಣವು. ಹಿಂದಿನ ವರ್ಷ ಸೆಪ್ಟೆಂಬರಿನಲ್ಲಿ ಬೇವಿನ ಹಿಂಡಿ ಹಾಕಿ ಏನೂ ಆಗದೆ ಸೋತಿದ್ದೆ. ಬಲಿತು ಕಿರುಬೆರಳಿನಷ್ಟಾದ ಹುಳಕ್ಕೆ ಏನು ಹಾಕಿದರೂ ದಂಡ.

ಮೊದಲ ಪಟ್ಟಿಗೆ ರಾಸಾಯನಿಕ ಕೀಟನಾಶಕ ಕ್ಲೋರ್‌ಪೈರಿಫಾಸ್. ಅಂಗಡಿಯವನು ಮೊದಲು ಹೇಳಿದ್ದು ಫೋರೇಟ್ ಹರಳು, "ಹಳೇದು ಒಂದೆರಡು ಪ್ಯಾಕೆಟ್ ಅದಾವ್ರಿ." 2020ರ ಕೊನೆಗೇ ನಿಷೇಧವಾದ ವಿಷ ಅದು. ಬೇಡ ಎಂದು ಇದನ್ನು ತಂದೆ. ಸಿಗುವುದು ಸುಲಭ, ಹಾಕುವುದೂ ಸುಲಭ. ಆದರೆ ಲಾನಿನಲ್ಲಿ ಒಂದು ತೊಡಕಿದೆ. ಹುಲ್ಲಿನ ಬುಡದಲ್ಲಿ ಒಣಗಿದ ಕಡ್ಡಿ, ಹಳೆ ಬೇರು ಸೇರಿ ಒಂದು ಪದರ ಕಟ್ಟಿರುತ್ತದೆ. ಔಷಧ ಅದಕ್ಕೇ ಹಿಡಿದುಕೊಳ್ಳುತ್ತದೆ, ಹುಳ ಇರುವ ಆಳಕ್ಕೆ ಪೂರ್ತಿ ಇಳಿಯುವುದಿಲ್ಲ. ಮರುದಿನ ಬೆಳಿಗ್ಗೆ ಮೇಲೆ ಸತ್ತು ಬಿದ್ದದ್ದು ಎರೆಹುಳ. ಆ ವಾರ ಮೊಮ್ಮಗಳನ್ನು ಹುಲ್ಲಿಗೆ ಬಿಡಲಿಲ್ಲ. ಬೆಳ್ಳಕ್ಕಿ ಬಂದಾಗಲೆಲ್ಲ ನಾನೇ ಚಪ್ಪಾಳೆ ತಟ್ಟಿ ಓಡಿಸುತ್ತಿದ್ದೆ. ಬಿಟ್ಟಿಯಾಗಿ ಹುಳ ತಿನ್ನುವ ಹಕ್ಕಿಯನ್ನು ಓಡಿಸುವ ಕೆಲಸ ನನ್ನ ಪಾಲಿಗೆ ಬಂತು! ಮಘಾ ಮಳೆಯಲ್ಲಿ ಎಣಿಸಿದಾಗ ಆರು ಹುಳ ಉಳಿದಿದ್ದವು.

ಎರಡನೇ ಪಟ್ಟಿಗೆ ಮೆಟಾರೈಜಿಯಂ. ಇದು ಹುಳಕ್ಕೆ ರೋಗ ಹತ್ತಿಸುವ ಶಿಲೀಂಧ್ರ. ನಮ್ಮ ಕೃಷಿ ವಿಶ್ವವಿದ್ಯಾಲಯದಿಂದಲೇ ಒಂದು ಕಿಲೋ ತಂದೆ. ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಎರಡು ಬುಟ್ಟಿ ಜರಡಿ ಹಿಡಿದು, ಪುಡಿ ಕಲಸಿ, ನೆರಳಲ್ಲಿ ಹಸಿ ಗೋಣಿಚೀಲ ಮುಚ್ಚಿ ಹತ್ತು ದಿನ ಇಟ್ಟೆ. ಆಮೇಲೆ ಸಂಜೆ ಹೊತ್ತು ಹರವಿ ನೀರು ಕೊಟ್ಟೆ. ಹಸಿ ಸೆಗಣಿ ಗೊಬ್ಬರ ಬಳಸಬೇಡಿ, ದುಂಬಿ ಮೊಟ್ಟೆ ಇಡಲು ಅದನ್ನೇ ಹುಡುಕಿಕೊಂಡು ಬರುತ್ತದೆ. ಮೂರು ವಾರ ಏನೂ ಕಾಣಲಿಲ್ಲ. ದುಡ್ಡು ನೀರಲ್ಲಿ ಹೋಯಿತು ಅಂದುಕೊಂಡೆ. ನಾಲ್ಕನೇ ವಾರ ಒಂದು ಹುಳ ಸಿಕ್ಕಿತು. ಗಟ್ಟಿಯಾಗಿತ್ತು, ಬೆರಳಿನಿಂದ ಒತ್ತಿದರೆ ಸೀಮೆಸುಣ್ಣದ ತುಂಡಿನಂತೆ ಮುರಿಯಿತು. ಮೈಮೇಲೆ ಹೆಸರುಕಾಳಿನ ಸಿಪ್ಪೆಯ ಬಣ್ಣದ ಬೂಷ್ಟು. ಅದನ್ನು ಬಿಸಾಡದೆ ಅಲ್ಲೇ ಹೂತೆ, ಬೇರೆ ಹುಳಕ್ಕೂ ಹತ್ತಲಿ ಅಂತ. ಮಘಾದಲ್ಲಿ ಲೆಕ್ಕ ಐದು, ಹುಬ್ಬಿ ಮಳೆ ಮುಗಿಯುವಾಗ, ಅಂದರೆ ಸೆಪ್ಟೆಂಬರ್ ಮಧ್ಯಕ್ಕೆ, ಮೂರು.

ಮೂರನೆಯದು ನೆಮಟೋಡ್. ಕಣ್ಣಿಗೆ ಕಾಣದ ಸಣ್ಣ ಜಂತು, ಹೆಸರು ಹೆಟೆರೊರಾಬ್ಡಿಟಿಸ್ ಇಂಡಿಕಾ. ಇದನ್ನು ಪುಡಿಯ ರೂಪದಲ್ಲಿ ಮಾಡುವ ವಿಧಾನ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದ್ದು. ನಾನು ಕೇಳಿದ ಅಂಗಡಿಗಳಲ್ಲಿ ಇರಲಿಲ್ಲ, ಕೊರಿಯರ್‌ನಲ್ಲಿ ತರಿಸಿದೆ. ಬಿಸಿಲು ತಾಗಿದರೆ ಇವು ಸಾಯುತ್ತವೆ, ನೆಲ ಒಣಗಿದರೂ ಸಾಯುತ್ತವೆ. ಹೊತ್ತು ಮುಳುಗಿದ ಮೇಲೆ ಝಾರಿಯಲ್ಲಿ ಹಾಕಿ, ಮೇಲೆ ಮತ್ತೆ ನೀರು ಬಿಟ್ಟೆ. ಇವು ಹುಳದ ಬಾಯಿ, ಗುದ, ಉಸಿರಿನ ರಂಧ್ರಗಳಿಂದ ಒಳಗೆ ಹೊಕ್ಕು ತಮ್ಮ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾ ಬಿಡುತ್ತವೆ. ಕೊಲ್ಲುವುದು ಆ ಬ್ಯಾಕ್ಟೀರಿಯಾ. ಐದನೇ ದಿನಕ್ಕೇ ಹಂಚಿನ ಬಣ್ಣಕ್ಕೆ ತಿರುಗಿದ ಹುಳ ಸಿಕ್ಕವು, ಮೈ ಮೆತ್ತಗೆ ಜೋತುಬಿದ್ದಿತ್ತು. ಮಘಾ ಲೆಕ್ಕ ಎರಡೇ ಎರಡು. ಹಂದಿ ಬಂದ ರಾತ್ರಿ ಈ ಪಟ್ಟಿಗೆ ಮೂತಿ ಸಹ ಹಚ್ಚಲಿಲ್ಲ. ಏನೂ ಹಾಕದೆ ಸುಮ್ನೆ ಬಿಟ್ಟ ನಾಲ್ಕನೇ ಪಟ್ಟಿಯಲ್ಲಿ ಹತ್ತು ಹುಳ ಇದ್ದವು. ಅದನ್ನು ಹಂದಿ ಈ ತುದಿಯಿಂದ ಆ ತುದಿಗೆ ಉತ್ತು ಹೋಯಿತು.

ಅಲ್ಲಿಗೆ ನೆಮಟೋಡ್ ಗೆದ್ದಿತು ಎಂದು ಬರೆದು ಮುಗಿಸುತ್ತಿದ್ದೆ. ಆದರೆ ಈ ವರ್ಷ ಕಾಕಾ ಇನ್ನೊಂದು ತೋರಿಸಿದರು.

ರೋಹಿಣಿ ಮಳೆ ಬರುವುದು ಮೇ ಕೊನೆ, ಜೂನ್ ಶುರುವಿಗೆ. ಅದರ ಮೊದಲ ದೊಡ್ಡ ಹನಿ ಬಿದ್ದ ಸಂಜೆ, ಏಳೂವರೆಗೆ, ಕರೆದುಕೊಂಡು ಹೋಗಿ ಗೇಟಿನ ಬಳಿಯ ಬೇವಿನ ಗಿಡದ ಕೆಳಗೆ ನಿಲ್ಲಿಸಿದರು. ಮೊದಲು ಏನೂ ಇಲ್ಲ. ಹತ್ತು ನಿಮಿಷಕ್ಕೆ ನೆಲದಿಂದ ಗುಂಯ್ ಎಂಬ ಸದ್ದು. ಕಂದು ದುಂಬಿಗಳು ಮಣ್ಣಿನಿಂದ ಎದ್ದು ನೇರ ಬೇವಿಗೆ. ವರ್ಷಕ್ಕೆ ಒಂದೇ ಪೀಳಿಗೆ ಇವುಗಳದ್ದು. ಮೊದಲ ಮಳೆಗೆ ಏಳುತ್ತವೆ, ಬೇವು, ಜಾಲಿ, ನುಗ್ಗೆ, ಬಾರಿ ಗಿಡದ ಎಲೆ ತಿಂದು ಜೋಡಿಯಾಗುತ್ತವೆ, ಬೆಳಗಾಗುವುದರೊಳಗೆ ಮತ್ತೆ ಮಣ್ಣಿಗೆ. ಅಲ್ಲಿ ಮೊಟ್ಟೆ. ಕಾಕಾ ಹಳೆ ಧೋತರ ಹಾಸಿ, ಕೊಕ್ಕೆ ಕೋಲಿನಿಂದ ಟೊಂಗೆ ಅಲುಗಾಡಿಸಿದರು. ತಟ ತಟ ಎಂದು ಶೇಂಗಾ ಸುರಿದ ಹಾಗೆ ಬಿದ್ದವು. ಸಾಬೂನು ನೀರಿಗೆ ಸ್ವಲ್ಪ ಡೀಸೆಲ್ ಹಾಕಿದ ಬಕೆಟ್ಟಿಗೆ ತುಂಬಿದೆವು. ಹೀಗೆ ಆರು ಸಂಜೆ. ಓಣಿಯ ಇನ್ನೆರಡು ಮನೆಯವರನ್ನೂ ಸೇರಿಸಿಕೊಂಡೆವು, ದುಂಬಿಗೆ ರೆಕ್ಕೆ ಇದೆಯಲ್ವಾ, ನಮ್ಮ ಬೇವು ಒಂದೇ ಅಲುಗಾಡಿಸಿ ಏನು ಸಾರ್ಥಕ? ಬಲ್ಬ್ ಕಟ್ಟಿ ಕೆಳಗೆ ನೀರಿಡುವ ಉಪಾಯವನ್ನೂ ಮಾಡಿದೆ. ಬಿದ್ದದ್ದು ಬಹುಪಾಲು ಮಳೆಹುಳ, ಬೆಳಿಗ್ಗೆ ಬಕೆಟ್ ತುಂಬ ರೆಕ್ಕೆ.

ಮೊನ್ನೆ ಮಘಾ ಮುಗಿಯುವಾಗ ಎಣಿಸಿದೆ. ಈ ವರ್ಷ ಯಾವ ಪಟ್ಟಿಗೂ ಹೊಸದಾಗಿ ಏನೂ ಹಾಕಿರಲಿಲ್ಲ. ಸುಮ್ನೆ ಬಿಟ್ಟ ಪಟ್ಟಿ ಹತ್ತರಿಂದ ಮೂರಕ್ಕೆ ಇಳಿದಿತ್ತು. ಕ್ಲೋರ್‌ಪೈರಿಫಾಸ್ ಪಟ್ಟಿಯಲ್ಲಿ ನಾಲ್ಕು. ಹೋದ ವರ್ಷ ಗೆದ್ದ ನೆಮಟೋಡ್ ಪಟ್ಟಿಯಲ್ಲಿ ಮೂರು, ಅಂದರೆ ಅದರ ಜೋರು ಮುಗಿದಂತೆ ಕಾಣುತ್ತದೆ. ಮೆಟಾರೈಜಿಯಂ ಪಟ್ಟಿಯಲ್ಲಿ ಒಂದು, ಅದರ ಪಕ್ಕದಲ್ಲೇ ಬೂಷ್ಟು ಹಿಡಿದ ಇನ್ನೊಂದು. ಮಳೆ ವರ್ಷದಿಂದ ವರ್ಷಕ್ಕೆ ಬೇರೆ, ಇಷ್ಟು ಸಣ್ಣ ಜಾಗದ ಲೆಕ್ಕವನ್ನು ನಾಲ್ಕು ಎಕರೆ ಕಬ್ಬಿಗೆ ಹಚ್ಚಲು ಹೋಗಬೇಡಿ. ನನ್ನ ಲಾನಿಗೆ ಮಾತ್ರ ನಿರ್ಧಾರವಾಗಿದೆ. ರೋಹಿಣಿಗೆ ಕೋಲು, ಧೋತರ, ಬಕೆಟ್. ಪುಷ್ಯಕ್ಕೆ ಪೂರ್ತಿ ಲಾನಿಗೆ ಮೆಟಾರೈಜಿಯಂ. ನೆಮಟೋಡ್ ತರಿಸುವುದು ಜುಲೈನಲ್ಲಿ ಎಣಿಸಿದಾಗ ಎಂಟು ದಾಟಿದರೆ ಮಾತ್ರ, ಅದು ಅವಸರದ ಔಷಧ. ಕ್ಲೋರ್‌ಪೈರಿಫಾಸ್ ಉಳಿದ ಅರ್ಧ ಡಬ್ಬಿ ಅಟ್ಟದ ಮೇಲಿದೆ, ಮಗುವಿನ ಕೈಗೆ ಸಿಗದ ಹಾಗೆ.

ನಮ್ಮ ತಂಗಿ ಹುಬ್ಬಳ್ಳಿಯಲ್ಲಿ ಎರೆ ಮಣ್ಣಿನ ಮೇಲೆ ಲಾನು ಮಾಡಿದ್ದಾಳೆ. ಇದನ್ನೆಲ್ಲ ಹೇಳಿದರೆ ನಗುತ್ತಾಳೆ. ಆ ಬಿಗಿ ಮಣ್ಣಿನಲ್ಲಿ ಈ ಹುಳದ ಕಾಟ ಕಡಿಮೆ. ಅವಳ ಕಷ್ಟ ಬೇಸಿಗೆಯಲ್ಲಿ ಬಿಡುವ ಬಿರುಕು, ಅದರಲ್ಲಿ ನನ್ನ ಚಪ್ಪಲಿಯೇ ಸಿಕ್ಕಿಕೊಂಡಿತ್ತು.

ಹಂದಿ ಈ ಮಳೆಗಾಲದಲ್ಲಿ ಒಂದೇ ಸಲ ಬಂದಿತ್ತು. ಜಾಲರಿ ಇಲ್ಲದ ಬದಿಯಿಂದ ಬಂದು, ಎರಡು ಕಡೆ ಮೂತಿ ಹಾಕಿ ನೋಡಿ, ಹೋಗಿದೆ. ಮುಂಗುಸಿ ಮಾತ್ರ ದಿನಾ ಬರುತ್ತದೆ. ಎರಡು ಮೂರು ಬಟ್ಟಲು ಗುಂಡಿ ಬಿಟ್ಟು ಹೋಗುತ್ತದೆ. ಬೆಳಿಗ್ಗೆ ಚಹಾ ಕುಡಿಯುತ್ತ ಹಿಮ್ಮಡಿಯಿಂದ ತುಳಿದು ಮುಚ್ಚುತ್ತೇನೆ.