34ರ ಪಕ್ಕ 27: ಎರಡು ಮಳೆಗಾಲ ಕಂಡ ಮಾನಿಟರ್ ಜೋಡಿ

ಚಿಕ್ಕಮಗಳೂರಿನ ಮನೆಯೊಂದರಲ್ಲಿ ಹಗಲು ಆಫೀಸ್ ಕೆಲಸಕ್ಕೆ, ರಾತ್ರಿ ಗೇಮಿಗೆ ಎರಡು ವರ್ಷದಿಂದ ದುಡಿಯುತ್ತಿರುವ ಜೋಡಿ ಇದು. ನಡುವೆ 34 ಇಂಚಿನ ಬಾಗಿದ ಅಲ್ಟ್ರಾವೈಡ್ (ಮಾಮೂಲಿಗಿಂತ ಅಗಲದ ಪರದೆ): 3440×1440 ಚುಕ್ಕಿ, ವಿಎ ಪ್ಯಾನೆಲ್, 144 ಹರ್ಟ್ಸ್, ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲು. ಅದರ ಎಡಕ್ಕೆ 27 ಇಂಚಿನ ಚಪ್ಪಟೆ ಐಪಿಎಸ್: 2560×1440, 75 ಹರ್ಟ್ಸ್. ವಿಎ, ಐಪಿಎಸ್ ಎಂದರೆ ಎಲ್‌ಸಿಡಿ ಪ್ಯಾನೆಲ್‌ನ ಎರಡು ಬಗೆ. ಕಂಪನಿ ಹೆಸರು ಬೇಕೆಂತಲೇ ಬರೆದಿಲ್ಲ. ಪ್ಯಾನೆಲ್ ತಯಾರಿಸುವವರು ಎಲ್‌ಜಿ ಡಿಸ್‌ಪ್ಲೇ, ಎಯುಒ, ಬಿಒಇ, ಸಿಎಸ್‌ಒಟಿ ಹೀಗೆ ಬೆರಳೆಣಿಕೆಯಷ್ಟು ಜನ. ಒಂದೇ ಪ್ಯಾನೆಲ್ ನಾಲ್ಕು ಬ್ರ್ಯಾಂಡಿನ ಡಬ್ಬಿಗಳಲ್ಲಿ ಬರುವುದುಂಟು. ಸ್ಟ್ಯಾಂಡ್, ವಾರಂಟಿ, ಮೆನು ಇವಷ್ಟೇ ಬ್ರ್ಯಾಂಡಿನ ಸ್ವಂತದ್ದು.

ಅಂಗಡಿಯಲ್ಲಿ ಎಲ್ಲರೂ ಮೊದಲು ಕೇಳುವುದು ಇಂಚು. ಅದು ಮೂಲೆಯಿಂದ ಮೂಲೆಗೆ ಅಳೆದ ಲೆಕ್ಕ, ಜೋಡಿ ಹೊಂದಿಸುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ನೋಡಬೇಕಾದ್ದು ಪರದೆಯ ಎತ್ತರ. 34 ಇಂಚಿನ 21:9 ಪರದೆ ಸುಮಾರು 80 ಸೆಂ.ಮೀ. ಅಗಲ, 33.5 ಸೆಂ.ಮೀ. ಎತ್ತರ. 27 ಇಂಚಿನ 16:9 ಪರದೆ 60 ಸೆಂ.ಮೀ. ಅಗಲ, 33.6 ಎತ್ತರ. ಅಂದರೆ 34ರ ಅಲ್ಟ್ರಾವೈಡ್ ಬೇರೇನೂ ಅಲ್ಲ, 27ಕ್ಕೇ ಪಕ್ಕದಲ್ಲಿ ಒಂದು ಗೇಣು ಪರದೆ ಸೇರಿಸಿದ್ದು. ಒಂದಿಂಚಿಗೆ ಕೂರುವ ಚುಕ್ಕಿಗಳೂ ಹತ್ತಿರ ಹತ್ತಿರ ಸಮ: 34ರಲ್ಲಿ 110, 27ರಲ್ಲಿ 109. ಒಂದು ವಿಂಡೋವನ್ನು ಆಚೆಯಿಂದ ಈಚೆಗೆ ಎಳೆದರೆ ಅಕ್ಷರದ ಗಾತ್ರ ಬದಲಾಗುವುದಿಲ್ಲ, ಮೌಸ್ ಬಾಣ ಎಲ್ಲೂ ಎಡವುವುದಿಲ್ಲ.

ಹೆಚ್ಚಿನವರು ಮಾಡುವುದು ಬೇರೆ. ಮನೆಯಲ್ಲಿ ಆಗಲೇ ಇರುವ 24 ಇಂಚಿನ 1920×1080ರ ಪಕ್ಕಕ್ಕೆ ಹೊಸ 34 ತಂದು ಇಡುತ್ತಾರೆ. ಒಂದು ಕಡೆ 1440 ಸಾಲು, ಇನ್ನೊಂದು ಕಡೆ 1080. ಉಳಿದ 360 ಸಾಲುಗಳಷ್ಟು ಅಂಚು ಬರೀ ಗೋಡೆ. ಬಾಣ ಅಲ್ಲಿಗೆ ಹೋಗಿ ಡಿಕ್ಕಿ ಹೊಡೆದು ನಿಲ್ಲುತ್ತದೆ. 24ರಲ್ಲಿ ಇಂಚಿಗೆ 92 ಚುಕ್ಕಿ ಮಾತ್ರ ಇರುವುದರಿಂದ 34ರಿಂದ ಅತ್ತ ಎಳೆದ ವಿಂಡೋ ಐದರಲ್ಲೊಂದು ಪಾಲು ದಪ್ಪವಾಗಿ ಕಾಣುತ್ತದೆ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 1 ಮತ್ತು 2 ಎಂಬ ಚೌಕಗಳನ್ನು ಎಳೆದು, ಟೇಬಲ್ ಮೇಲೆ ಪರದೆಗಳು ಕೂತ ಹಾಗೆಯೇ ಕೆಳಅಂಚು ಹೊಂದಿಸಿದರೆ ಗೋಡೆ ಪೂರ್ತಿ ಮೇಲ್ಭಾಗಕ್ಕೆ ಸರಿಯುತ್ತದೆ, ಕಾಟ ಅರ್ಧ ಕಡಿಮೆಯಾಗುತ್ತದೆ. ಪೂರ್ತಿ ಹೋಗುವುದಿಲ್ಲ.

ಬಜೆಟ್ ಕಮ್ಮಿ ಇದ್ದರೆ 29 ಇಂಚಿನ 2560×1080ರ ಜೊತೆ 23 ಇಂಚಿನ 1080 ಒಳ್ಳೆಯ ಜೋಡಿ. ಎರಡೂ ಇಂಚಿಗೆ 96 ಚುಕ್ಕಿ, ಎರಡೂ ಸುಮಾರು 28.5 ಸೆಂ.ಮೀ. ಎತ್ತರ. ಆದರೆ 34 ಇಂಚಿನಲ್ಲಿ 2560×1080 ಕೊಡುತ್ತೇವೆ, ಬೆಲೆ ಕಡಿಮೆ ಎಂದರೆ ಬೇಡ ಅನ್ನಿ. ಇಂಚಿಗೆ 82 ಚುಕ್ಕಿ. ಇಂಗ್ಲಿಷ್ ಹೇಗೋ ಓದಬಹುದು, ಕನ್ನಡ ಓದುವವರಿಗೆ ಹಿಂಸೆ. ಇಂಗ್ಲಿಷ್ ಅಕ್ಷರಕ್ಕೆ ಸಾಲಿನ ಎತ್ತರವೆಲ್ಲ ಸಿಗುತ್ತದೆ. ನಮ್ಮ ‘ರಾಷ್ಟ್ರ’ದಲ್ಲಿ ಷ ಅಕ್ಷರಕ್ಕೆ ಟ ಒತ್ತು, ಅದರ ಜೊತೆಗೆ ರ ಒತ್ತು, ಎಲ್ಲ ಅದೇ ಸಾಲಿನೊಳಗೆ ಮುದುಡಿ ಕೂರಬೇಕು. ವಿಂಡೋಸ್‌ನ ನಿರ್ಮಲಾ ಯುಐ ಫಾಂಟ್ ಶೇ. 100ರ ಅಳತೆಯಲ್ಲಿದ್ದಾಗ 82 ಚುಕ್ಕಿಯ ಪರದೆಯಲ್ಲಿ ಆ ಎರಡು ಒತ್ತು ಸೇರಿ ಒಂದು ಬೂದು ಕಲೆಯಾಗುತ್ತದೆ. ‘ಲಕ್ಷ್ಮೀ’ಯ ಗತಿಯೂ ಅದೇ. 110ರಲ್ಲಿ ಒತ್ತಿನ ಸುರುಳಿ ಬಿಡಿಸಿ ಕಾಣುತ್ತದೆ. ಮಾನಿಟರ್ ಕೊಳ್ಳಲು ಹೋದಾಗ ಡೆಮೋ ವಿಡಿಯೊ ನೋಡುತ್ತಾ ನಿಲ್ಲುವ ಬದಲು ನೋಟ್‌ಪ್ಯಾಡ್ ತೆರೆದು ಈ ಎರಡು ಪದ ಬರೆದು ನೋಡಿ. ನಿಮಿಷದಲ್ಲಿ ತೀರ್ಮಾನವಾಗುತ್ತದೆ.

ಪ್ಯಾನೆಲ್ ವಿಷಯ. ವಿಎಯಲ್ಲಿ ಕಾಂಟ್ರಾಸ್ಟ್ 3000:1ರ ಆಸುಪಾಸು, ಐಪಿಎಸ್‌ನಲ್ಲಿ ಸಾಮಾನ್ಯವಾಗಿ 1000:1. ದೀಪ ಆರಿಸಿದ ಕೋಣೆಯಲ್ಲಿ ಗೇಮ್ ಆಡುವವರಿಗೆ ವಿಎಯ ಕಪ್ಪು ಕಪ್ಪಾಗಿಯೇ ಕಾಣುತ್ತದೆ, ಐಪಿಎಸ್‌ನ ಕಪ್ಪು ಮೂಲೆಗಳಲ್ಲಿ ಮಬ್ಬು ಬೆಳಕಾಗಿ ಹೊಳೆಯುತ್ತದೆ. ವಿಎಯ ದೋಷ ಇರುವುದು ಕಪ್ಪಿನಿಂದ ಬೂದಿಗೆ ಬದಲಾಗುವ ವೇಗದಲ್ಲಿ. ಕತ್ತಲ ದೃಶ್ಯದಲ್ಲಿ ಕ್ಯಾಮೆರಾ ತಿರುಗಿಸಿದರೆ ಮರದ ಕಾಂಡದ ಹಿಂದೆ ಮಸಿ ಬಳಿದಂತೆ ಬಾಲ ಬರುತ್ತದೆ. ಇದು ಚಳಿಗೆ ಹೆಚ್ಚಾಗುತ್ತದೆ, ಏಕೆಂದರೆ ಪ್ಯಾನೆಲ್ ಒಳಗಿನ ದ್ರವಸ್ಫಟಿಕ ತಣ್ಣಗಿದ್ದಾಗ ನಿಧಾನ. ಇಲ್ಲಿಯ ಡಿಸೆಂಬರ್, ಜನವರಿಯ ಮುಂಜಾನೆ ಆನ್ ಮಾಡಿದ ಮೊದಲ ಹದಿನೈದು ಇಪ್ಪತ್ತು ನಿಮಿಷ ಈ ಬಾಲ ಕಣ್ಣಿಗೆ ಹೊಡೆಯುತ್ತದೆ. ಬೆಚ್ಚಗಾದ ಮೇಲೆ ಕಡಿಮೆ. ಚುಕ್ಕಿಗಳನ್ನು ಬೇಗ ಬದಲಿಸುವ ಮೆನುವಿನ ಓವರ್‌ಡ್ರೈವ್ ನಡುವಿನ ಹಂತದಲ್ಲಿರಲಿ. ತುತ್ತತುದಿಗೆ ಇಟ್ಟರೆ ಬಾಲದ ಬದಲು ಬಿಳಿ ಅಂಚು ಕಾಣಿಸಿಕೊಳ್ಳುತ್ತದೆ, ಅದು ಇನ್ನೂ ಕೆಟ್ಟದ್ದು.

2022ರಿಂದ 34 ಇಂಚಿನಲ್ಲಿ ಒಎಲ್‌ಇಡಿಯೂ (ಪ್ರತಿ ಚುಕ್ಕಿಯೂ ತಾನೇ ಬೆಳಗುವ ಪರದೆ) ಬಂದಿದೆ. ಆಟಕ್ಕೆ ಅದರ ಮುಂದೆ ಬೇರೆ ಯಾವುದೂ ನಿಲ್ಲುವುದಿಲ್ಲ. ಆದರೆ ದಿನಕ್ಕೆ ಎಂಟು ಗಂಟೆ ಟಾಸ್ಕ್‌ಬಾರ್, ಎಕ್ಸೆಲ್‌ನ ಗೆರೆ ಒಂದೇ ಜಾಗದಲ್ಲಿ ನಿಲ್ಲುವ ಮನೆಗೆ ಅಚ್ಚು ಬೀಳುವ ಭಯ ಇದ್ದೇ ಇದೆ. ಅದರ ಒಂದು ಬಗೆಯಾದ ಕ್ಯೂಡಿ-ಒಎಲ್‌ಇಡಿಯ ಹೆಚ್ಚಿನ ಮಾನಿಟರ್‌ಗಳಲ್ಲಿ ಕೆಂಪು, ಹಸಿರು, ನೀಲಿ ಚುಕ್ಕಿಗಳು ಒಂದೇ ಸಾಲಿನಲ್ಲಿ ಇಲ್ಲ, ತ್ರಿಕೋನವಾಗಿ ಕೂತಿರುವುದರಿಂದ ಅಕ್ಷರದ ಅಂಚಿಗೆ ಬಣ್ಣ ಕಟ್ಟುತ್ತದೆ. ದುಡಿಮೆಗೂ ಆಟಕ್ಕೂ ಅದೇ ಪರದೆ ಎಂದಾದರೆ ನಮ್ಮ ಮತ ವಿಎಗೆ.

ಇನ್ನು ವೈರು. ‘144 ಹರ್ಟ್ಸ್ ಬರ್ತಿಲ್ಲ, ಮಾನಿಟರ್ ಡೂಪ್ಲಿಕೇಟ್’ ಎಂಬ ದೂರು ಬಂದಾಗ ತಪ್ಪು ಸಾಮಾನ್ಯವಾಗಿ ಇಲ್ಲಿರುತ್ತದೆ. 3440×1440ಕ್ಕೆ ಎಚ್‌ಡಿಎಂಐ 2.0 ಮೂಲಕ 100 ಹರ್ಟ್ಸ್‌ವರೆಗೆ ಸಿಗುತ್ತದೆ. ಡಿಸ್‌ಪ್ಲೇಪೋರ್ಟ್ 1.2ರಲ್ಲಿ 120. 144 ಬೇಕಾದರೆ ಡಿಸ್‌ಪ್ಲೇಪೋರ್ಟ್ 1.4 (ಅಥವಾ ಎಚ್‌ಡಿಎಂಐ 2.1) ಎರಡೂ ತುದಿಯಲ್ಲಿ ಬೇಕು, ಮೆನುವಿನಲ್ಲೂ ಅದೇ ಆಯ್ಕೆಯಾಗಿರಬೇಕು. ಕೆಲವು ಮಾನಿಟರ್ ಡಬ್ಬಿಯಿಂದ ಬರುವಾಗ 1.2ಕ್ಕೆ ಹಾಕಿರುತ್ತಾರೆ. ಆಮೇಲೆ ವಿಂಡೋಸ್‌ನ ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ ಕೈಯಾರೆ ಬದಲಿಸದಿದ್ದರೆ ಎಷ್ಟೋ ಕಡೆ 60ರಲ್ಲೇ ಓಡುತ್ತಿರುತ್ತದೆ. ಅಗ್ಗದ ಡಿಸ್‌ಪ್ಲೇಪೋರ್ಟ್ ವೈರಿನಲ್ಲಿ ಇನ್ನೊಂದು ಗುಟ್ಟಿದೆ: 20ನೇ ಪಿನ್ ಎರಡೂ ತುದಿಗೆ ಜೋಡಿಸಿರಬಾರದು. ಜೋಡಿಸಿದ್ದರೆ ಮಾನಿಟರ್‌ನ 3.3 ವೋಲ್ಟ್ ಕಾರ್ಡಿಗೆ ಹಿಮ್ಮುಖವಾಗಿ ಹರಿದು, ಶಟ್‌ಡೌನ್ ಮಾಡಿದ ಕಂಪ್ಯೂಟರ್ ಮತ್ತೆ ಆನ್ ಆಗಲು ಸತಾಯಿಸುತ್ತದೆ. ಡಬ್ಬಿಯಲ್ಲಿ ಬಂದ ವೈರನ್ನೇ ಬಳಸಿ. ಉದ್ದ ಬೇಕಾದರೆ 2 ಮೀಟರ್ ಒಳಗಿನ, ಡಿಸ್‌ಪ್ಲೇಪೋರ್ಟ್ ನಿಯಮ ರೂಪಿಸುವ ವೆಸಾ ಸಂಸ್ಥೆಯ ಪ್ರಮಾಣಪತ್ರ ಇರುವ ವೈರು ತರಿಸಿ.

144 ಮತ್ತು 75 ಒಟ್ಟಿಗೆ ಓಡಿಸಿದಾಗ ಬಹಳಷ್ಟು ಗ್ರಾಫಿಕ್ಸ್ ಕಾರ್ಡ್‌ಗಳ ಮೆಮೊರಿ ಕ್ಲಾಕ್ (ಮೆಮೊರಿ ಓಡುವ ವೇಗ) ಕೆಳಗಿಳಿಯುವುದೇ ಇಲ್ಲ. ಸುಮ್ಮನೆ ಕೂತಿದ್ದಾಗಲೂ ಕಾರ್ಡ್ ಬಿಸಿ, ಫ್ಯಾನ್ ಸದ್ದು. ಕೆಲಸದ ಹೊತ್ತಿನಲ್ಲಿ 34 ಅನ್ನು 120ಕ್ಕೆ, 27 ಅನ್ನು 60ಕ್ಕೆ ಇಟ್ಟರೆ ಒಂದು ಇನ್ನೊಂದರ ಸರಿಯಾಗಿ ಎರಡರಷ್ಟಾಗಿ, ಲೆಕ್ಕ ಸರಿಹೊಂದಿ ಕಾರ್ಡ್ ತಣ್ಣಗಾಗುತ್ತದೆ. ಈ ಜೋಡಿಯಲ್ಲಿ ಈಗ ಅದೇ ಕಾಯಂ.

ಗ್ರಾಫಿಕ್ಸ್ ಕಾರ್ಡ್ ಎಷ್ಟು ಶಕ್ತಿಯದಿರಬೇಕು? 2560×1440ರಲ್ಲಿ 37 ಲಕ್ಷ ಚುಕ್ಕಿ, 3440×1440ರಲ್ಲಿ 49.5 ಲಕ್ಷ, 4ಕೆಯಲ್ಲಿ 83 ಲಕ್ಷ. 27ರ 1440ರಲ್ಲಿ ಸೆಕೆಂಡಿಗೆ 80 ಫ್ರೇಮ್ ಕೊಡುವ ಕಾರ್ಡ್ ಇಲ್ಲಿ 60ರ ಹತ್ತಿರ ಕೊಡುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ. ಪಕ್ಕದ 27ರಲ್ಲಿ ಬ್ರೌಸರ್, ಚಾಟ್ ತೆರೆದಿಟ್ಟರೆ ಹೊರೆ ಅಷ್ಟೇನೂ ಇಲ್ಲ. ಲ್ಯಾಪ್‌ಟಾಪ್‌ನವರು ಮಾತ್ರ ಎಚ್‌ಡಿಎಂಐ ಕಿಂಡಿ ಯಾವ ಗ್ರಾಫಿಕ್ಸ್ ಚಿಪ್ಪಿಗೆ ಸೇರಿದೆ (ಪ್ರೊಸೆಸರ್ ಒಳಗಿನದ್ದೋ, ಪ್ರತ್ಯೇಕ ಕಾರ್ಡಿನದ್ದೋ) ಎಂದು ನೋಡಿಕೊಳ್ಳಬೇಕು. ಯುಎಸ್‌ಬಿ ಮೂಲಕ ಚಿತ್ರ ಕಳಿಸುವ ಡಿಸ್‌ಪ್ಲೇಲಿಂಕ್ ಡಾಕ್ ಆಫೀಸ್ ಕೆಲಸಕ್ಕೆ ಸಾಕು, ಆಟಕ್ಕಲ್ಲ.

ಆಟಗಳಲ್ಲಿ ಎಲ್ಲವೂ 21:9 ಒಪ್ಪುವುದಿಲ್ಲ. ಫೋರ್ಜಾ ಹೊರೈಜನ್ 5, ಜಿಟಿಎ 5 ಪೂರ್ತಿ ತುಂಬುತ್ತವೆ. ವ್ಯಾಲರಂಟ್, ಎಲ್ಡನ್ ರಿಂಗ್ 16:9ಕ್ಕೇ ಅಂಟಿಕೊಂಡಿವೆ. ಎಡಬಲಕ್ಕೆ 440 ಚುಕ್ಕಿಯ ಕಪ್ಪು ಪಟ್ಟಿ. 34 ಮತ್ತು 27 ಸೇರಿಸಿ ಒಂದೇ ಅಗಲ ಪರದೆಯಾಗಿ ಆಡುವ ಆಸೆ ಬೇಡ, ಹಲವು ಪರದೆಗಳನ್ನು ಒಂದಾಗಿಸುವ ಎನ್‌ವಿಡಿಯಾ ಸರೌಂಡ್‌ಗೆ ಒಂದೇ ರೆಸಲ್ಯೂಷನ್ನಿನ ಪರದೆಗಳು ಬೇಕು. ಸ್ಟಿಯರಿಂಗ್ ಕಟ್ಟಿ ರೇಸಿಂಗ್ ಆಡುವವರು ಒಂದೇ ಮಾಡೆಲ್ಲಿನ ಮೂರು ತಗೊಳ್ಳಲಿ. 49 ಇಂಚಿನ 5120×1440 ಎಂದರೆ ನಡುವೆ ಅಂಚಿಲ್ಲದ ಎರಡು 27. ಜಾಗ, ಭಾರ ಎರಡೂ ಸಾಮಾನ್ಯ ಟೇಬಲ್‌ಗೆ ಹೆಚ್ಚು.

ಕೆಲಸಕ್ಕೆ ಬಂದರೆ, ಎಕ್ಸೆಲ್‌ನ ಮಾಮೂಲಿ ಕಾಲಂ 64 ಚುಕ್ಕಿ ಅಗಲ. 1920ರ ಪರದೆಯಲ್ಲಿ 29 ಕಾಲಂ ಕಂಡರೆ ಇಲ್ಲಿ 52. ಎಸ್ಟೇಟ್ ಕಚೇರಿಯ ತಿಂಗಳ ಹಾಜರಿ ಪಟ್ಟಿ, 31 ದಿನದ ಕಾಲಮ್ಮು, ಹೆಸರು, ಕೂಲಿ, ಮುಂಗಡ, ಬಾಕಿ ಎಲ್ಲ ಅಡ್ಡಕ್ಕೆ ಸರಿಸದೇ ಒಂದೇ ನೋಟಕ್ಕೆ ಸಿಗುತ್ತದೆ. ಇದೇ ಪರದೆಯನ್ನು ಮೀಟಿಂಗಿನಲ್ಲಿ ಪೂರ್ತಿ ಶೇರ್ ಮಾಡಿದರೆ ಬೆಂಗಳೂರಿನ ಕಡೆಯವರ ಲ್ಯಾಪ್‌ಟಾಪಿನಲ್ಲಿ ಅದು ತೆಳ್ಳನೆ ಪಟ್ಟಿ, ಅಕ್ಷರ ಇರುವೆ ಸಾಲು. ಶೇರ್ ಮಾಡುವುದು 27ರಿಂದಲೇ. ಎರಡನೇ ಮಾನಿಟರ್ ಬೇಕಾ ಎಂದು ಕೇಳುವವರಿಗೆ ಈ ಒಂದು ಕಾರಣ ಸಾಕು.

ಟೇಬಲ್ ಅಳೆಯದೆ ಮಾನಿಟರ್ ಬುಕ್ ಮಾಡಬೇಡಿ. ಕಣ್ಣಿನಿಂದ 70ರಿಂದ 80 ಸೆಂ.ಮೀ. ದೂರ ಬೇಕು, ಎರಡಡಿ ಆಳದ ಮಾಮೂಲಿ ಟೇಬಲ್ ಮೇಲೆ ಸ್ಟ್ಯಾಂಡ್ ಇಟ್ಟರೆ ಪರದೆ ಮೂಗಿಗೆ ಬರುತ್ತದೆ. ಎರಡೂವರೆ ಅಡಿ ಆಳ, ಐದಡಿ ಅಗಲ ಇದ್ದರೆ ಜೋಡಿ ಆರಾಮ. ನಾಲ್ಕಡಿಯೇ ಇದ್ದರೆ 27 ಅನ್ನು ನೆಟ್ಟಗೆ ನಿಲ್ಲಿಸಬೇಕು, ಆಗ ಒಟ್ಟು 118 ಸೆಂ.ಮೀ. ಆದರೆ 60 ಸೆಂ.ಮೀ. ಎತ್ತರ ನೋಡಿ ನೋಡಿ ಕತ್ತು ಹಿಡಿಯುತ್ತದೆ. ಟೇಬಲ್ ಅಂಚಿಗೆ ಬಿಗಿಯುವ ಮಾನಿಟರ್ ಆರ್ಮ್ ಹಾಕಿದರೆ ಎಲ್ಲಕ್ಕೂ ಪರಿಹಾರ. ಸ್ಟ್ಯಾಂಡ್ ಬಿಚ್ಚಿದ 34 ಸಾಮಾನ್ಯವಾಗಿ 5ರಿಂದ 7 ಕೆ.ಜಿ.; 9 ಕೆ.ಜಿ. ತಡೆಯುವ ಗ್ಯಾಸ್ ಸ್ಪ್ರಿಂಗ್ ಆರ್ಮ್ ತನ್ನಿ. ಹಿಂದಿನ ರಂಧ್ರ 100×100 ಮಿ.ಮೀ., ಎಂ4 ಸ್ಕ್ರೂ. ಬಾಗಿದ ಮಾನಿಟರ್‌ಗಳಲ್ಲಿ ರಂಧ್ರ ಗುಳಿಯೊಳಗಿದ್ದರೆ ಸ್ಪೇಸರ್ ಮತ್ತು ಉದ್ದ ಸ್ಕ್ರೂ ಬೇಕು. ಪಾರ್ಟಿಕಲ್ ಬೋರ್ಡ್ ಟೇಬಲ್ ಆದರೆ ಕ್ಲ್ಯಾಂಪಿನ ಮೇಲೂ ಕೆಳಗೂ ಅಂಗೈಯಗಲ ಪ್ಲೈವುಡ್ ತುಂಡು ಕೊಡಿ, ಇಲ್ಲದಿದ್ದರೆ ಬೋರ್ಡ್ ಜಜ್ಜಿಹೋಗುತ್ತದೆ.

ಮಲೆನಾಡಿನ ಕರೆಂಟಿನ ಬಗ್ಗೆ ಯಾರಿಗೂ ಹೇಳಿಕೊಡಬೇಕಿಲ್ಲ. ಎರಡು ಮಾನಿಟರ್ ಸೇರಿ ಸುಮಾರು 80 ವ್ಯಾಟ್, ಆಟದ ಹೊತ್ತಿನಲ್ಲಿ ಸಿಪಿಯು ಡಬ್ಬಿ 350. 600 ವಿಎ (ವೋಲ್ಟ್-ಆಂಪಿಯರ್) ಯುಪಿಎಸ್ ಎಳೆಯುವುದು 360 ವ್ಯಾಟ್ ಮಾತ್ರ, ಕಿರುಚಿ ಕೈಬಿಡುತ್ತದೆ. 1 ಕೆವಿಎ ಬೇಕು. ಎರಡೂ ಮಾನಿಟರ್ ಅನ್ನು ಬ್ಯಾಟರಿ ಬೆಂಬಲದ ಸಾಕೆಟ್‌ಗೇ ಹಾಕಿ. ಒಂದನ್ನು ಗೋಡೆಗೆ ಹಾಕಿದರೆ ಕರೆಂಟ್ ಹೋದಾಗಲೆಲ್ಲ ಆ ಪರದೆಯ ವಿಂಡೋಗಳೆಲ್ಲ ಇನ್ನೊಂದರ ಮೇಲೆ ಗುಡ್ಡೆ ಬೀಳುತ್ತವೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಪ್ಲಗ್ ಕಿತ್ತರೆ ಸಾಲದು, ರೌಟರ್‌ನಿಂದ ಬರುವ ಲ್ಯಾನ್ ವೈರನ್ನೂ ಕೀಳಬೇಕು. ಫೈಬರ್ ಎಳೆ ಸಿಡಿಲು ತರುವುದಿಲ್ಲ, ರೌಟರ್‌ನ ಅಡಾಪ್ಟರ್ ತರುತ್ತದೆ. ಸಿಪಿಯು ಡಬ್ಬಿ ಮುಟ್ಟಿದರೆ ಜುಮ್ಮೆನ್ನುತ್ತಿದೆಯೇ? ಅರ್ಥಿಂಗ್ ಇಲ್ಲ ಎಂದರ್ಥ. ಅದು ಸರಿಯಾಗುವ ತನಕ ಆನ್ ಇರುವಾಗ ವೈರು ಚುಚ್ಚಬೇಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಥಂಡಿ. ಮಾನಿಟರ್ ಗೋಡೆಯಿಂದ ಒಂದು ಗೇಣು ದೂರ ಇರಲಿ, ದಿನಕ್ಕೆ ಒಂದು ಗಂಟೆಯಾದರೂ ಉರಿಯಲಿ. ವಾರಗಟ್ಟಲೆ ಬಟ್ಟೆ ಮುಚ್ಚಿಟ್ಟರೆ ತೇವ ಒಳಗೇ ಉಳಿಯುತ್ತದೆ. ಮಳೆ ಬಿಟ್ಟ ಸಂಜೆ ಕಿಟಕಿ ತೆರೆದಿದ್ದರೆ ಸಾಸಿವೆಗಿಂತ ಸಣ್ಣ ಹುಳ ಅಂಚಿನ ಸಂದಿಯಿಂದ ನುಗ್ಗಿ ಪರದೆಯ ಪದರದೊಳಗೆ ನಡೆದಾಡುತ್ತದೆ. ಬೆರಳಿನಿಂದ ಒತ್ತಬೇಡಿ, ಸತ್ತರೆ ಕಪ್ಪು ಚುಕ್ಕಿಯಾಗಿ ಅಲ್ಲೇ ಕಾಯಂ. ಮಾನಿಟರ್ ಆರಿಸಿ, ಪಕ್ಕದಲ್ಲಿ ಟಾರ್ಚ್ ಉರಿಸಿಡಿ, ಬಹುಪಾಲು ತಾನೇ ಹೊರಬರುತ್ತದೆ. ಒರೆಸಲು ಮೈಕ್ರೋಫೈಬರ್ ಬಟ್ಟೆ, ಡಿಸ್ಟಿಲ್ಡ್ ವಾಟರ್. ಗಾಜಿನ ಸ್ಪ್ರೇ ಪರದೆಯ ಲೇಪನ ಕೀಳುತ್ತದೆ.

ಕೊಳ್ಳುವ ಹೊತ್ತು. 32 ಇಂಚು ಮೀರಿದ ಮಾನಿಟರ್‌ಗೆ ಮೊದಲು ಶೇ. 28 ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಶೇ. 18. ತೆರಿಗೆಗೆ ಮುಂಚೆ 30,000 ಇದ್ದ 34 ಇಂಚಿಗೆ ಮೂರು ಸಾವಿರ ಉಳಿತಾಯ. ಹಳೆ ದರಪಟ್ಟಿ ತೋರಿಸಿದರೆ ಬಿಲ್ಲಿನಲ್ಲಿ ಶೇಕಡಾವಾರು ನೋಡಿ. ಆನ್‌ಲೈನ್ ತರಿಸುವ ಮುಂಚೆ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ ಚಿಕ್ಕಮಗಳೂರಿನ ಪಿನ್ 577101ಕ್ಕೋ ಹಾಸನದ 573201ಕ್ಕೋ ಮನೆಗೇ ಬಂದು ರಿಪೇರಿ ಮಾಡುತ್ತಾರಾ, ಡಬ್ಬಿ ಕಟ್ಟಿ ಬೆಂಗಳೂರಿಗೆ ಕಳಿಸಬೇಕಾ ಎಂದು ಕೇಳಿ. ಬೆಂಗಳೂರಿನ ಎಸ್.ಪಿ. ರೋಡ್‌ನ ಅಂಗಡಿಗಳಿಂದ ತರುವವರು ಬಸ್ಸಿನ ಡಿಕ್ಕಿಯಲ್ಲಿ ಡಬ್ಬಿಯನ್ನು ಮಲಗಿಸಬೇಡಿ, ನೆಟ್ಟಗೆ ನಿಲ್ಲಿಸಿ ಮೇಲೆ ಏನೂ ಹೇರದಂತೆ ನೋಡಿಕೊಳ್ಳಿ. ತೆರೆದ ದಿನವೇ ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಪರದೆ ಒಂದೊಂದಾಗಿ ಹಾಕಿ ಸತ್ತ ಚುಕ್ಕಿ ಹುಡುಕಿ. ವಾಪಸ್ ಕೊಡುವ ಗಡುವು ಮುಗಿದ ಮೇಲೆ ಒಂದೆರಡು ಚುಕ್ಕಿಗೆ ವಾರಂಟಿಯಲ್ಲಿ ಪ್ಯಾನೆಲ್ ಬದಲಿಸಿಕೊಡುವುದು ಅಪರೂಪ. ಥರ್ಮೋಕೋಲ್ ಸಮೇತ ಡಬ್ಬಿಯನ್ನು ಅಟ್ಟದ ಮೇಲಿಡಿ, ಇಲಿ ಕಡಿಯದ ಜಾಗದಲ್ಲಿ.