ಮರ ಸವರೋಕೆ ಯಾರನ್ನು ಕರೆಸಬೇಕು? ಮೂರು ಕಡೆಯವರ ಕೆಲಸ ನೋಡಿದ ಮೇಲೆ

ನಮ್ಮದು ಬೆಂಗಳೂರಿನ ಹಳೇ ಬಡಾವಣೆಯ ಮನೆ. ಕಾಂಪೌಂಡ್ ಒಳಗೆ ಒಂದು ಮಾವು, ಎರಡು ತೆಂಗು. ಗೇಟಿನ ಹೊರಗೆ ಫುಟ್‌ಪಾತ್ ಮೇಲೆ ದೊಡ್ಡ ಗುಲ್‌ಮೊಹರ್. ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ನಮ್ಮೂರಲ್ಲಿ ಗುಲ್‌ಮೊಹರ್ ಕೊಂಬೆ ಮುರಿದು ಬೀಳೋದು ಎಲ್ಲರಿಗೂ ಗೊತ್ತು. ಹಾಗಾಗಿ ಬೇರೆ ಬೇರೆ ವರ್ಷಗಳಲ್ಲಿ ಮೂರು ಥರದವರು ಈ ಮರಗಳಿಗೆ ಕೈ ಹಾಕಿದ್ದಾರೆ. ಮಚ್ಚು, ಹಗ್ಗ ಹಿಡಿದು ಬರುವ ಮರ ಕಡಿಯುವ ಗುಂಪು. ಪಾಲಿಕೆಯ ಅರಣ್ಯ ವಿಭಾಗ. ಆಮೇಲೆ ತರಬೇತಿ ಪಡೆದ ಆರ್ಬರಿಸ್ಟ್, ಜನರ ಬಾಯಲ್ಲಿ ಮರದ ಡಾಕ್ಟರ್.

ಮೂವರನ್ನೂ ನೋಡಿದ ಮೇಲೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಇವರಿಗೆ ದುಡ್ಡು ಬರೋದು ಯಾವುದರಿಂದ?

ಕಡಿಯುವ ಗುಂಪಿನವರು ರೇಟು ಮಾತಾಡುವಾಗಲೇ ಇದು ಗೊತ್ತಾಗುತ್ತೆ. ‘ಸೌದೆ ನಮಗೇ ಬಿಟ್ಟುಬಿಡಿ, ಐನೂರು ಕಡಿಮೆ ಮಾಡ್ತೀವಿ’ ಅಂತಾರೆ. ಅಂದರೆ ದಪ್ಪ ಕೊಂಬೆ ಜಾಸ್ತಿ ಬಿದ್ದಷ್ಟೂ ಅವರಿಗೆ ಲಾಭ. ಅವರ ಧೈರ್ಯ, ಚುರುಕುತನದ ಬಗ್ಗೆ ನನಗೆ ಗೌರವ ಇದೆ. ಬರಿಗಾಲಲ್ಲಿ ಸರಸರ ಹತ್ತುತ್ತಾರೆ, ಹೇಳಿದ ದಿನವೇ ಬರುತ್ತಾರೆ. ಆದರೆ ಕಲಿತಿರುವುದು ಮರ ಕೆಡವುವ ಕೆಲಸ, ಸವರುವುದನ್ನೂ ಅದೇ ಕೈಯಲ್ಲಿ ಮಾಡುತ್ತಾರೆ. ನಮ್ಮ ಮಾವಿನ ನಡುವಿನ ದಪ್ಪ ಕೊಂಬೆಗಳನ್ನು ಮೊಳದುದ್ದ ಮೋಟು ಬಿಟ್ಟು ಕಡಿದರು. ಒಂದನ್ನು ಕಾಂಡಕ್ಕೆ ಸಮ ಮಾಡಿ ಸವರಿ, ಮೇಲೆ ರೆಡ್ ಆಕ್ಸೈಡ್ ಬಳಿದರು. ಕೆಲವೇ ವಾರಗಳಲ್ಲಿ ಮೋಟುಗಳಿಂದ ಗುಂಪು ಗುಂಪಾಗಿ ಚಿಗುರು ಬಂತು. ನೋಡಿದವರಿಗೆಲ್ಲ ಖುಷಿ. ಆದರೆ ಆ ಚಿಗುರು ಹುಟ್ಟೋದು ತೊಗಟೆಯ ಕೆಳಗಿನಿಂದ. ಮರದ ಒಳಗೆ ಅದಕ್ಕೆ ಗಟ್ಟಿ ಹಿಡಿತ ಇರಲ್ಲ. ಬೆಳೆದು ಭಾರವಾದ ಮೇಲೆ ಗಾಳಿಗೆ ಮೊದಲು ಸೀಳುವುದು ಅದೇ. ಅವರು ಬಂದಿದ್ದು ಬೇರೆ ಅಕ್ಟೋಬರ್‌ನಲ್ಲಿ. ಮಾವು ಹೂ ಬಿಡೋದು ಬಲಿತ ಟಿಸಿಲಿನ ತುದಿಯಲ್ಲಿ, ಚಳಿಗಾಲದಲ್ಲಿ. ಕಡಿದ ಕಡೆ ಆ ವರ್ಷ ಒಂದು ಹೂವೂ ಕಾಣಲಿಲ್ಲ.

ಆರ್ಬರಿಸ್ಟ್ ಮೊದಲ ಸಲ ಬಂದಾಗ ಗರಗಸವನ್ನೇ ತಂದಿರಲಿಲ್ಲ. ಬರೀ ನೋಡುವುದಕ್ಕೇ ಫೀಸು. ಮನೆಯಲ್ಲಿ ಇದು ಅತಿಯಾಯಿತು ಅಂದವರೂ ಇದ್ದರು. ಆದರೆ ನಮಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ಆ ಫೀಸೇ. ಅವರು ನೋಡಲು ಶುರು ಮಾಡಿದ್ದು ಬುಡದಿಂದ. ಮರದ ಸುತ್ತಿಗೆಯಲ್ಲಿ ಕಾಂಡವನ್ನು ಅಲ್ಲಲ್ಲಿ ಬಡಿದು, ಶಬ್ದ ಟೊಳ್ಳಾಗಿ ಬಂದ ಕಡೆ ಚಾಕ್‌ಪೀಸಿನಲ್ಲಿ ಗುರುತು ಹಾಕಿದರು. ಮಾವಿನ ಬುಡದಲ್ಲಿ ಬಿದ್ದಿದ್ದ ಮರದ ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿದರು. ಮೇಲೆ ಹುಡುಕಿದರೆ ತೂತು ಸಿಕ್ಕಿತು. ತಂತಿ ಹಾಕಿ ಎಳೆದಾಗ ಕಾಂಡ ಕೊರೆಯುವ ಹುಳದ ಮರಿ ಹೊರಗೆ ಬಂತು, ದಪ್ಪಗೆ, ಹಾಲಿನ ಬಣ್ಣಕ್ಕೆ. ಹಾಗೇ ಬಿಟ್ಟಿದ್ದರೆ ಆ ಕೊಂಬೆ ಒಳಗೊಳಗೇ ಸಾಯುತ್ತಿತ್ತು. ಇತ್ತೀಚೆಗೆ ಪೈಪ್‌ಲೈನ್‌ಗೆ ಅಂತ ಮಣ್ಣು ಅಗೆದಿದ್ದೀರಾ, ಬೇರು ಕಡಿದಿದ್ದೀರಾ ಅಂತಲೂ ಕೇಳಿದರು. ಬುಡದವರೆಗೂ ಹಾಕಿದ್ದ ಸಿಮೆಂಟ್ ಒಡೆಸಿ ಅಂದರು. ದೆಹಲಿಯಲ್ಲಿ ಮರದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಿರಿ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಆದೇಶ ಕೊಟ್ಟಿತ್ತು. ನಮ್ಮೂರಲ್ಲಿ ಇವತ್ತಿಗೂ ಅಂಗಳಕ್ಕೆ ಟೈಲ್ಸ್ ಹಾಕುವವರು ಕಾಂಡಕ್ಕೆ ತಾಗಿಸಿಯೇ ಹಾಕುತ್ತಾರೆ. ಬೇಜಾರಾಗುತ್ತೆ.

ಕೊಂಬೆ ತೆಗೆಯಲು ಮಾತ್ರ ಅವರು ಆಗಲೇ ಒಪ್ಪಲಿಲ್ಲ. ಹಣ್ಣು ಮುಗಿಯಲಿ ಅಂದರು. ಜುಲೈಯಲ್ಲಿ ಬಂದರು. ಆ ಕೆಲಸವನ್ನು ನಾನು ಕೆಳಗೆ ನಿಂತು ಪೂರ್ತಿ ನೋಡಿದೆ. ಕಾಂಡದಿಂದ ಒಂದು ಅಡಿ ಆಚೆ, ಕೊಂಬೆಯ ಕೆಳಗಿನಿಂದ ಸ್ವಲ್ಪ ಒಳಕ್ಕೆ ಮೊದಲ ಕೊಯ್ತ. ಅದರಿಂದ ಇನ್ನೂ ಸ್ವಲ್ಪ ಆಚೆ, ಮೇಲಿನಿಂದ ಎರಡನೆಯದು. ಕೊಂಬೆ ಮುರಿದು ಹಗ್ಗದಲ್ಲಿ ಇಳಿಯಿತು, ಕಾಂಡದ ತೊಗಟೆ ಒಂದಿಷ್ಟೂ ಸುಲಿಯಲಿಲ್ಲ. ಕೊನೆಯದಾಗಿ ಉಳಿದ ಮೋಟನ್ನು ತೆಗೆದರು. ಕೊಂಬೆ ಕಾಂಡಕ್ಕೆ ಸೇರುವ ಕಡೆ ಒಂದು ಉಬ್ಬು ಇರುತ್ತಲ್ವಾ, ಅದನ್ನು ಮುಟ್ಟದೆ, ಅದರ ಹೊರಗೆ. ಪೇಂಟ್ ಇಲ್ಲ, ಡಾಂಬರು ಇಲ್ಲ. ಗಾಯ ಮುಚ್ಚುವ ಅಂಗಾಂಶ ಬರುವುದು ಆ ಉಬ್ಬಿನಿಂದ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೊ ಅನ್ನುವ ವಿಜ್ಞಾನಿ ಸಾವಿರಾರು ಮರಗಳನ್ನು ಸೀಳಿ ನೋಡಿ 1970, 80ರ ದಶಕಗಳಲ್ಲೇ ಇದನ್ನು ತೋರಿಸಿಕೊಟ್ಟರು. ಮರಕ್ಕೆ ನಮ್ಮ ಚರ್ಮದ ಹಾಗೆ ಗಾಯ ಮಾಯುವುದಿಲ್ಲ. ಕೊಳೆತ ಭಾಗದ ಸುತ್ತ ಅದು ಗೋಡೆ ಕಟ್ಟಿಕೊಳ್ಳುತ್ತೆ. ಉಬ್ಬನ್ನೇ ಸವರಿ ಹಾಕಿದರೆ ಆ ಗೋಡೆ ಕಟ್ಟೋದು ಕಷ್ಟ.

ಎರಡೂ ಕೆಲಸ ಈಗ ಒಂದೇ ಮರದ ಮೇಲೆ ಕಾಣುತ್ತವೆ. ಆರ್ಬರಿಸ್ಟ್ ಕೊಯ್ದ ಜಾಗದ ಸುತ್ತ ಹೆಬ್ಬೆರಳು ದಪ್ಪದ ತೊಗಟೆ ಬಂದು ಒಳಕ್ಕೆ ಸರಿಯುತ್ತಿದೆ. ಸಮ ಸವರಿ ಬಣ್ಣ ಬಳಿದ ಜಾಗ ಕಪ್ಪಾಗಿದೆ. ಒತ್ತಿದರೆ ಬೆರಳು ಒಳಗೆ ಹೋಗುತ್ತೆ, ಮಳೆ ಬಂದರೆ ನೀರು ನಿಲ್ಲುತ್ತೆ.

ಖರ್ಚು? ನೋಡುವ ಫೀಸೂ ಸೇರಿ ಗುಂಪಿನವರಿಗಿಂತ ಸುಮಾರು ಮೂರು ಪಟ್ಟು ಆಯಿತು. ಆದರೆ ಮೋಟಿನ ಚಿಗುರನ್ನು ವರ್ಷ ಬಿಟ್ಟು ವರ್ಷ ತೆಗೆಸಬೇಕು ಅನ್ನುವುದನ್ನು ಲೆಕ್ಕಕ್ಕೆ ಹಿಡಿದರೆ ಆ ಅಂತರ ಉಳಿಯಲ್ಲ.

ಪಾಲಿಕೆಯವರದು ಬೇರೆಯೇ ಲೆಕ್ಕ. ನಾವು ದುಡ್ಡು ಕೊಡಬೇಕಿಲ್ಲ. ಫುಟ್‌ಪಾತ್ ಮರ ಅವರದ್ದು, ಅದಕ್ಕೆ ಬೇರೆ ಯಾರನ್ನೂ ಹತ್ತಿಸುವಂತಿಲ್ಲ. ಪಾಲಿಕೆಯ ಸಹಾಯವಾಣಿ 1533ಕ್ಕೆ ಫೋನ್ ಮಾಡಿ ದೂರು ಕೊಟ್ಟೆವು. ಮಳೆಗಾಲದ ಹೊಸ್ತಿಲಲ್ಲಿ ಅವರಿಗೆ ಕೆಲಸ ಜಾಸ್ತಿ, ಕಾಯಬೇಕಾಯಿತು. ಬಂದ ಮೇಲೆ ಒಣಗಿದ ಕೊಂಬೆಯನ್ನು ಲಿಫ್ಟ್ ಗಾಡಿಯಲ್ಲಿ ನಿಂತು ಚೆನ್ನಾಗಿಯೇ ತೆಗೆದರು. ಅವರು ನೋಡೋದು ಅಪಾಯವನ್ನು, ಮರದ ಆರೋಗ್ಯವನ್ನು ನೋಡುವಷ್ಟು ಬಿಡುವು ಅವರಿಗಿಲ್ಲ. ಗುಲ್‌ಮೊಹರ್ ಬುಡದಲ್ಲಿ ತಟ್ಟೆಯಂಥ ಕಂದು ಅಣಬೆ ಇರುವುದನ್ನು ತೋರಿಸಿದ್ದು ಆರ್ಬರಿಸ್ಟೇ. ಅದು ಗ್ಯಾನೋಡರ್ಮಾ. ತೆಂಗು ಬೆಳೆಯುವವರು ಅಣಬೆ ರೋಗ ಅನ್ನುವುದು ಇದೇ ಜಾತಿಯ ಶಿಲೀಂಧ್ರದಿಂದ ಬರುವುದನ್ನು. ಬೇರು ಕೊಳೆಯುತ್ತಿದೆ ಅನ್ನುವುದರ ಗುರುತು. ಅವರ ಲಿಖಿತ ವರದಿ, ಫೋಟೊ ಎರಡನ್ನೂ ಸೇರಿಸಿ ಮತ್ತೆ ಅರ್ಜಿ ಕೊಟ್ಟಾಗ ಅಧಿಕಾರಿಯೇ ಬಂದು ಬುಡ ಪರೀಕ್ಷಿಸಿದರು.

ಕಾಂಪೌಂಡ್ ಒಳಗಿನ ಮರ ನಮ್ಮದು, ಏನು ಬೇಕಾದರೂ ಮಾಡಬಹುದು ಅಂತ ಅಂದುಕೊಳ್ಳಬೇಡಿ. 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯಲ್ಲಿ ಮರ ಕಡಿಯುವುದು ಅಂದರೆ ಕೊಂಬೆ ಕತ್ತರಿಸುವುದು, ತೊಗಟೆ ಸುತ್ತ ಕೆತ್ತುವುದು, ವಿಷ ಹಾಕುವುದು ಎಲ್ಲ ಸೇರಿದೆ. ತೆಂಗು, ಸಿಲ್ವರ್ ಓಕ್, ನೀಲಗಿರಿಯಂಥ ಕೆಲವಕ್ಕೆ ವಿನಾಯಿತಿ ಇದೆ. ಉಳಿದವಕ್ಕೆ ಅನುಮತಿ ಕೊಡುವ ವೃಕ್ಷ ಅಧಿಕಾರಿಯನ್ನು ಕೇಳಬೇಕು. ಗುಂಪಿನವರು ಈ ಮಾತೇ ಎತ್ತಲಿಲ್ಲ. ಆರ್ಬರಿಸ್ಟ್ ಅರ್ಜಿ ಎಲ್ಲಿ ಕೊಡಬೇಕು ಅಂತ ಮೊದಲೇ ಹೇಳಿದರು. ಹೆಲ್ಮೆಟ್, ಹಾರ್ನೆಸ್, ವಿಮೆಯ ವಿಷಯದಲ್ಲೂ ಇದೇ ಕಥೆ. ನಮ್ಮ ಅಂಗಳದಲ್ಲಿ ಒಬ್ಬ ಮನುಷ್ಯ ಮೂವತ್ತು ಅಡಿ ಮೇಲಿಂದ ಬಿದ್ದರೆ ಅವನ ಮನೆಯವರ ಗತಿ ಏನು ಅನ್ನುವುದು ದುಡ್ಡು ಕೊಡುವವರ ಪ್ರಶ್ನೆಯೂ ಹೌದು.

ಆದರೆ ಆರ್ಬರಿಸ್ಟ್ ಅಂತ ಬೋರ್ಡ್ ಹಾಕಿಕೊಂಡವರೆಲ್ಲ ಕಲಿತವರಲ್ಲ. ಇಂಟರ್‌ನ್ಯಾಷನಲ್ ಸೊಸೈಟಿ ಆಫ್ ಆರ್ಬರಿಕಲ್ಚರ್ ಕೊಡುವ ಸರ್ಟಿಫಿಕೇಟ್ ಇದ್ದರೆ ಒಳ್ಳೆಯದು. ಆ ಪರೀಕ್ಷೆಗೆ ಕೂರಲು ಸಾಮಾನ್ಯವಾಗಿ ಮೂರು ವರ್ಷದ ಕೆಲಸದ ಅನುಭವ ಬೇಕು, ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಅಂಥವರು ನಮ್ಮಲ್ಲಿ ಕಡಿಮೆ. ಹಾಗಾಗಿ ನಾನು ಕೇಳೋದು ಒಂದೇ ಮಾತು: ‘ತುದಿ ಕಡಿದು ಅರ್ಧಕ್ಕೆ ಇಳಿಸಿಕೊಡ್ತೀರಾ?’ ಹೂಂ ಅಂದವರನ್ನು ಅಲ್ಲೇ ಬಿಡಿ. ಆರೋಗ್ಯವಾಗಿರುವ ಮರದಿಂದಲೂ ಒಂದು ವರ್ಷದಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಎಲೆ ತೆಗೆಯಬಾರದು ಅನ್ನುವುದು ಈ ಕೆಲಸ ಬಲ್ಲವರೆಲ್ಲ ಹೇಳುವ ಮಾತು.

ತೆಂಗಿಗೆ ಮಾತ್ರ ಆರ್ಬರಿಸ್ಟ್ ಬೇಡ. ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ಮರ ಹತ್ತುವ ಯಂತ್ರದ ತರಬೇತಿ ಕೊಡುತ್ತಿದೆ. ಮರ ಹತ್ತುವವರಿಗೆ ಕೇರ ಸುರಕ್ಷಾ ಅನ್ನುವ ಅಪಘಾತ ವಿಮೆಯೂ ಇದೆ. ಅಂಥ ತರಬೇತಿ ಪಡೆದವರು ನಮ್ಮ ಮರ ಹತ್ತಿ, ಸುಳಿಯಲ್ಲಿ ದುಂಬಿ ಇದೆಯಾ ಅಂತ ನೋಡಿ, ಒಣ ಗರಿ ಮಾತ್ರ ಇಳಿಸಿದರು. ಹಸಿರು ಗರಿ ಕಡಿಯಲೇಬೇಕಾದರೆ ನಾಲ್ಕು ಅಡಿ ಮಟ್ಟೆ ಬಿಟ್ಟು ಕಡಿಯಬೇಕಂತೆ. ಕಾಂಡದ ಹತ್ತಿರ ಹಸಿ ಗಾಯವಾದರೆ ಕೆಂಪು ಮೂತಿ ಹುಳು ಅಲ್ಲಿಗೇ ಬರುತ್ತೆ.

ಈ ಸಲ ಮಾವು ಮುಗಿದ ಮೇಲೆ ನಮ್ಮ ಸಾಲಿನ ಮನೆಯವರೆಲ್ಲ ಸೇರಿ ಒಂದೇ ದಿನ ಆರ್ಬರಿಸ್ಟನ್ನು ಕರೆಸುತ್ತಿದ್ದೇವೆ. ನೋಡುವ ಫೀಸು ಹಂಚಿಕೊಂಡರೆ ಯಾರಿಗೂ ಭಾರವಲ್ಲ. ಹಲಸು, ಸಂಪಿಗೆ, ಹೊಂಗೆ ಎಲ್ಲದರ ಬುಡವನ್ನೂ ಒಟ್ಟಿಗೆ ತೋರಿಸಬಹುದು.