ಮಂಡಿಪೇಟೆಯ ಪಾತ್ರೆ ಅಂಗಡಿಯಿಂದ ತಂದ ಪುಟ್ಟ ಸಲಕರಣೆಗಳು: ಎಂಟು ತಿಂಗಳ ಬಳಕೆಯ ನಂತರ

ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಬಿಗಿಯಾಗಿದ್ದರೆ ನಮ್ಮ ಮನೆಯಲ್ಲಿ ಒದ್ದೆ ಬಟ್ಟೆ ಸುತ್ತಿ ತಿರುಗಿಸುತ್ತಿದ್ದೆವು. ಅದಕ್ಕೂ ಬಗ್ಗದಿದ್ದರೆ ನಾನು ಕಚೇರಿಯಿಂದ ಬರುವವರೆಗೆ ಅವ್ವ ಕಾಯುತ್ತಿದ್ದಳು. ಅವಳಿಗೆ ಈಗ 72 ವರ್ಷ. ಸಂಧಿವಾತದಿಂದ ಬೆರಳ ಗೆಣ್ಣುಗಳು ದಪ್ಪಗಾಗಿ, ಮುಷ್ಟಿ ಬಿಗಿಹಿಡಿಯುವುದು ಕಷ್ಟವಾಗಿ ಐದಾರು ವರ್ಷಗಳಾಗಿವೆ. ಒಂದು ಮುಚ್ಚಳಕ್ಕಾಗಿ ಮಧ್ಯಾಹ್ನದ ಊಟಕ್ಕೆ ಉಪ್ಪಿನಕಾಯಿ ಇಲ್ಲದಂತಾಗುವುದನ್ನು ಅವಳೂ ನಾನೂ ವಯಸ್ಸಿನ ಸಹಜ ತೊಂದರೆಯೆಂದೇ ಒಪ್ಪಿಕೊಂಡಿದ್ದೆವು. ಆ ತೊಂದರೆಗೆಂದೇ ಯಾರೋ ಒಂದು ಸಲಕರಣೆ ಮಾಡಿಟ್ಟಿರಬಹುದು ಎಂಬ ಯೋಚನೆ ನಮಗೆ ಬಂದಿರಲಿಲ್ಲ.

ಕಳೆದ ದೀಪಾವಳಿಗೆ ಮುಂಚೆ ಇಡ್ಲಿ ತಟ್ಟೆ ಕೊಳ್ಳಲು ದಾವಣಗೆರೆಯ ಮಂಡಿಪೇಟೆಗೆ ಹೋದಾಗ, ಮುಖ್ಯ ಬೀದಿಯಿಂದ ಒಳಗೆ ಸರಿದ ಒಂದು ಓಣಿಯಲ್ಲಿ ಈ ಅಂಗಡಿ ಕಣ್ಣಿಗೆ ಬಿತ್ತು. ಮುಂಭಾಗದಲ್ಲಿ ಎಲ್ಲ ಪಾತ್ರೆ ಅಂಗಡಿಗಳಂತೆ ಡಬರಿ, ಕೊಳಗ, ಕುಕ್ಕರುಗಳ ಸಾಲು. ಒಳಗೆ, ಎದೆಯೆತ್ತರದ ಒಂದು ಕಪಾಟಿನಲ್ಲಿ ಮಾತ್ರ, ನಾನು ಹೆಸರನ್ನೂ ಕೇಳಿರದ ಚಿಕ್ಕ ಚಿಕ್ಕ ವಸ್ತುಗಳು ತುಂಬಿದ್ದವು. ಒಂದನ್ನು ಕೈಗೆತ್ತಿಕೊಂಡು ಇದೇನು ಎಂದು ಕೇಳಿದೆ. ಅಂಗಡಿಯವರು ಪೊಟ್ಟಣ ಬಿಚ್ಚಿ, ತಮ್ಮ ಮೇಜಿನ ಕೆಳಗಿನಿಂದ ಒಂದು ಜಾಮ್ ಬಾಟಲಿ ತೆಗೆದು, ನನ್ನ ಬದಲು ಅವ್ವನ ಕೈಗೆ ಕೊಟ್ಟು, “ಅವ್ವಾರೇ, ನೀವೇ ಒಂದ್ಸಲ ತೆಗೆದು ನೋಡ್ರಿ” ಎಂದರು. ಅವ್ವ ತೆಗೆದಳು. ಈ ವಿಮರ್ಶೆ ಬರೆಯಲು ಆ ಒಂದು ಕ್ಷಣವೇ ಕಾರಣ.

ಅದು ಕೈಯಗಲದ, ಕೊಕ್ಕಿನಂಥ ತುದಿಯಿರುವ ಪ್ಲಾಸ್ಟಿಕ್ಕಿನ ಸನ್ನೆಕೋಲು. ಬೆಲೆ 120 ರೂಪಾಯಿ. ಬಿಸಿಯಾಗಿರುವಾಗಲೇ ತುಂಬಿ ಮುಚ್ಚಿದ ಬಾಟಲಿಯಲ್ಲಿ, ತಣಿಯುತ್ತ ಬಂದಂತೆ ಒಳಗಿನ ಹಬೆ ನೀರಾಗಿ ಒತ್ತಡ ಕುಗ್ಗುತ್ತದೆ. ಹೊರಗಿನ ಗಾಳಿ ಮುಚ್ಚಳವನ್ನು ಅದುಮಿ ಹಿಡಿಯುತ್ತದೆ. ಅಂದರೆ ನಾವು ಇಷ್ಟು ವರ್ಷ ಗುದ್ದಾಡಿದ್ದು ಮುಚ್ಚಳದ ತಿರುಪಿನೊಡನೆ ಅಲ್ಲ, ಗಾಳಿಯ ಭಾರದೊಡನೆ. ಈ ಸಲಕರಣೆಯ ಕೊಕ್ಕನ್ನು ಮುಚ್ಚಳದ ಅಂಚಿಗೆ ಸಿಕ್ಕಿಸಿ ಹಿಡಿಯನ್ನು ಸ್ವಲ್ಪ ಎತ್ತಿದರೆ, ಅಂಚು ಕೂದಲೆಳೆಯಷ್ಟು ಬಾಗಿ ಗಾಳಿ ಒಳನುಗ್ಗುತ್ತದೆ, ‘ಟಕ್’ ಎಂದು ಸದ್ದಾಗುತ್ತದೆ, ಆಮೇಲೆ ಎರಡು ಬೆರಳಲ್ಲಿ ಮುಚ್ಚಳ ತಿರುಗುತ್ತದೆ. ಎಂಟು ತಿಂಗಳಲ್ಲಿ ಅದು ಒಮ್ಮೆಯೂ ಕೈಕೊಟ್ಟಿಲ್ಲ. ಆದರೆ ಇದು ಲೋಹದ ಮುಚ್ಚಳದ ಗಾಜಿನ ಬಾಟಲಿಗಳಿಗೆ ಮಾತ್ರ. ಎಣ್ಣೆ ಜಿಡ್ಡು ಹಿಡಿದ ಪ್ಲಾಸ್ಟಿಕ್ ಡಬ್ಬಿಗಳಿಗೆ ಅದೇ ಕಪಾಟಿನ 30 ರೂಪಾಯಿಯ ರಬ್ಬರ್ ಹಾಳೆ ಸಾಕು. ಅದನ್ನು ಮುಚ್ಚಳದ ಮೇಲೆ ಹಾಕಿ ಅಂಗೈಯಿಂದ ಒತ್ತಿ ತಿರುಗಿಸಿದರಾಯಿತು.

ಎರಡನೆಯದು ನೀರಿನ ಟ್ಯಾಂಕಿನ ಗಂಟೆ. ಭದ್ರಾ ನಾಲೆಯಿಂದ ತುಂಬುವ ಕುಂದವಾಡ ಕೆರೆಯ ನೀರನ್ನೂ ತುಂಗಭದ್ರೆಯ ನೀರನ್ನೂ ನಂಬಿ ಬದುಕುವ ಈ ಊರಿನಲ್ಲಿ, ನಲ್ಲಿ ನೀರು ಬರುವ ದಿನ ಸಂಪು ತುಂಬಿಸಿ, ಮೋಟಾರು ಹಾಕಿ, ಟ್ಯಾಂಕ್ ತುಂಬಿತೇ ಎಂದು ಮೆಟ್ಟಿಲು ಹತ್ತಿ ನೋಡುವುದು ಅನೇಕ ಮನೆಗಳ ದಿನಚರಿ. ನಾವು ಮರೆತ ದಿನಗಳಲ್ಲಿ ಟ್ಯಾಂಕ್ ಉಕ್ಕಿ ಹರಿದ ನೀರು ಬೀದಿಯ ಚರಂಡಿ ಸೇರುತ್ತಿತ್ತು. ಪಕ್ಕದ ಮನೆಯವರು ಬಂದು ಬಾಗಿಲು ತಟ್ಟಿ ಹೇಳಬೇಕಾಗುತ್ತಿತ್ತು; ಬೇಸಿಗೆಯಲ್ಲಿ ಅದಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದಿಲ್ಲ. ಈ ಗಂಟೆಯ ರಚನೆ ಬಹಳ ಸರಳ. ಟ್ಯಾಂಕಿನ ಬಾಯಿಯ ಬಳಿ ಎರಡು ತಂತಿಗಳ ತುದಿಗಳು ಒಂದಕ್ಕೊಂದು ತಾಗದಂತೆ ತೂಗುಬಿದ್ದಿರುತ್ತವೆ. ನೀರು ಅಲ್ಲಿಗೆ ಏರಿದಾಗ, ನೀರಿನಲ್ಲಿ ಕರಗಿರುವ ಲವಣಗಳ ಮೂಲಕ ಅತ್ಯಲ್ಪ ವಿದ್ಯುತ್ ಹರಿದು, ಕೆಳಗೆ ಅಡುಗೆಮನೆಯ ಗೋಡೆಯ ಮೇಲಿರುವ ಗಂಟೆ ಕೂಗುತ್ತದೆ. ನಾನು ತಂದದ್ದು 9 ವೋಲ್ಟಿನ ಬ್ಯಾಟರಿಯಿಂದ ನಡೆಯುವಂಥದ್ದು, ಆದ್ದರಿಂದ ಶಾಕ್ ಹೊಡೆಯುವ ಭಯವಿಲ್ಲ. ಬೆಲೆ 180 ರೂಪಾಯಿ, ತಂತಿ ಪ್ರತ್ಯೇಕ. ಕೊಳ್ಳುವ ಮೊದಲು ಟ್ಯಾಂಕಿನಿಂದ ಅಡುಗೆಮನೆಯವರೆಗಿನ ದೂರವನ್ನು ಅಳೆದುಕೊಂಡು ಹೋಗಿ. ನಾನು ಅಂದಾಜಿನಲ್ಲಿ ಕೊಂಡು ಎರಡನೆಯ ಸಲ ಅಷ್ಟು ದೂರ ಹೋಗಬೇಕಾಯಿತು. ನಮ್ಮ ಮನೆಯಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಕೊಳವೆಬಾವಿಯ ಗಡಸು ನೀರನ್ನೂ ಟ್ಯಾಂಕಿಗೆ ಬಿಡುತ್ತೇವೆ. ಮೇ ತಿಂಗಳಿನಲ್ಲಿ ಒಂದು ದಿನ ಗಂಟೆ ಕೂಗಲಿಲ್ಲ. ಮೇಲೆ ಹತ್ತಿ ನೋಡಿದರೆ ತಂತಿಯ ತುದಿಗಳಿಗೆ ಬಿಳಿ ಕರೆ ಕಟ್ಟಿತ್ತು. ಚಾಕುವಿನಿಂದ ಹೆರೆದ ಮೇಲೆ ಮತ್ತೆ ಸರಿಯಾಯಿತು. ಎರಡು ಮೂರು ತಿಂಗಳಿಗೊಮ್ಮೆ ಈ ಕೆಲಸ ಮಾಡುವುದು ಅಗತ್ಯ ಎಂಬುದನ್ನು ಅಂಗಡಿಯಲ್ಲಿಯೇ ಹೇಳಿದ್ದರೆ ಚೆನ್ನಾಗಿತ್ತು.

ಅದೇ ಕರೆ ನಲ್ಲಿಯ ತುದಿಗೆ ತಿರುಪಿ ಹಾಕುವ ಜಾಲರಿಯನ್ನೂ ಕಾಡುತ್ತದೆ. ನೀರಿನ ಧಾರೆಗೆ ಗಾಳಿ ಬೆರೆಸಿ, ಕಡಿಮೆ ನೀರಿನಲ್ಲಿಯೇ ತುಂಬಿದ ಧಾರೆಯಂತೆ ಬೀಳಿಸುವ ಈ ಜಾಲರಿ ಹೊಸ ನಲ್ಲಿಗಳಲ್ಲಿ ಮೊದಲೇ ಇರುತ್ತದೆ. ಹಳೆಯ ನಲ್ಲಿಗೂ ಹಾಕಬಹುದೆಂಬುದು ನನಗೆ ಗೊತ್ತಿರಲಿಲ್ಲ. ಹಾಕುವ ಮುನ್ನ ಬಕೆಟ್ ಇಟ್ಟು ನೋಡಿದಾಗ ನಮ್ಮ ಅಡುಗೆಮನೆಯ ನಲ್ಲಿಯಲ್ಲಿ ನಿಮಿಷಕ್ಕೆ 9 ಲೀಟರ್ ನೀರು ಬೀಳುತ್ತಿತ್ತು. ಹಾಕಿದ ಮೇಲೆ ಅದು 4 ಲೀಟರಿಗೆ ಇಳಿಯಿತು. ಸೊಪ್ಪು, ತಟ್ಟೆ, ಲೋಟ ತೊಳೆಯಲು ಇಷ್ಟು ನೀರು ಸಾಕು, ಸಿಡಿಯುವುದೂ ನಿಂತಿದೆ. ಕೊಡ ತುಂಬಿಸಲು ಮಾತ್ರ ಬಹಳ ಹೊತ್ತು ಹಿಡಿಯುವುದರಿಂದ ಹಿತ್ತಲಿನ ನಲ್ಲಿಗೆ ಇದನ್ನು ಹಾಕಬೇಡಿ. ತಿಂಗಳಿಗೊಮ್ಮೆ ಬಿಚ್ಚಿ ಅರ್ಧ ಗಂಟೆ ನಿಂಬೆರಸದಲ್ಲಿ ನೆನೆಸಿಟ್ಟರೆ ಕಟ್ಟಿಕೊಂಡ ಸುಣ್ಣ ಕರಗುತ್ತದೆ.

ಹಾಲಿನ ಪಾತ್ರೆಯ ತಳದಲ್ಲಿಡುವ ಗಾಜಿನ ಬಿಲ್ಲೆಯ ಬಗ್ಗೆ ನನ್ನ ಅಭಿಪ್ರಾಯ ಅರ್ಧಕ್ಕರ್ಧ. ಕಾದ ಹಾಲಿನ ಮೇಲೆ ಕೆನೆ ಪರದೆಯಂತೆ ಹರಡಿಕೊಂಡು, ಕೆಳಗಿನಿಂದ ಏಳುವ ಹಬೆಗೆ ದಾರಿ ಸಿಗದಿದ್ದಾಗ ಹಾಲು ಉಕ್ಕುತ್ತದೆ. ಬಿಲ್ಲೆ ತನ್ನ ಅಡಿಯಲ್ಲಿ ಹಬೆಯನ್ನು ಕೂಡಿಟ್ಟು ದೊಡ್ಡ ಗುಳ್ಳೆಗಳಾಗಿ ಬಿಡುತ್ತದೆ, ಅವು ಆ ಪರದೆಯನ್ನು ಒಡೆಯುತ್ತವೆ. ಜೊತೆಗೆ ಬಿಲ್ಲೆ ತಳಕ್ಕೆ ಬಡಿದು ಕಟಕಟ ಸದ್ದು ಮಾಡುತ್ತದೆ. ಸಣ್ಣ ಉರಿಯಲ್ಲಿ ಇದು ನಿಜವಾಗಿಯೂ ಕೆಲಸ ಮಾಡುತ್ತದೆ. ಉರಿ ದೊಡ್ಡದಿದ್ದರೆ ಸದ್ದು ಕೇಳಿ ನಾವು ಓಡಿಬರುವಷ್ಟರಲ್ಲಿ ಹಾಲು ಒಲೆಯ ಮೇಲಿರುತ್ತದೆ. ಇದನ್ನು ಎಚ್ಚರಿಕೆಯ ಸದ್ದೆಂದು ಭಾವಿಸಿ ಕೊಳ್ಳಬಹುದು, ಕಾವಲುಗಾರನೆಂದು ಭಾವಿಸಬಾರದು.

ಹತ್ತು ರೂಪಾಯಿಯ ಒಂದು ವಸ್ತುವಿಗೆ ನಾನು ಇಡೀ ಕಪಾಟಿನಲ್ಲಿಯೇ ಮೊದಲ ಸ್ಥಾನ ಕೊಡುತ್ತೇನೆ. ಹೆಂಗಸಿನ ಮುಖದ ಅಚ್ಚು ಒತ್ತಿದ ತೆಳು ತಗಡಿಗೆ, ವಜ್ರದಾಕಾರದಲ್ಲಿ ಬಾಗಿಸಿದ ನವುರಾದ ತಂತಿಯನ್ನು ಜೋಡಿಸಿದ, ಸೂಜಿಗೆ ದಾರ ಪೋಣಿಸುವ ಸಾಧನ ಅದು. ತಂತಿಯ ಮೊನೆಯನ್ನು ಸೂಜಿಯ ಕಣ್ಣಿನೊಳಗೆ ತೂರಿಸಿದರೆ ಆಚೆ ಕಡೆ ಅದು ಅಗಲವಾಗಿ ತೆರೆದುಕೊಳ್ಳುತ್ತದೆ. ಆ ಅಗಲದೊಳಗೆ ದಾರ ಹಾಕಿ ತಗಡನ್ನು ಹಿಂದಕ್ಕೆ ಎಳೆದರೆ ದಾರವೂ ಕಣ್ಣಿನ ಮೂಲಕ ಬರುತ್ತದೆ. ಅವ್ವ ಮದುವೆಯಾಗಿ ಬಂದಾಗಿನಿಂದ ಹಳೆಯ ಸೀರೆಗಳನ್ನು ಹೊಂದಿಸಿ ಕೌದಿ ಹೊಲಿಯುತ್ತಿದ್ದವಳು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದ ಮೇಲೂ ಹತ್ತಿರದ ದೃಷ್ಟಿ ಮೊದಲಿನಂತಾಗಲಿಲ್ಲ. ಬೆಳಿಗ್ಗೆ ನಾನು ಹೊರಡುವ ಮೊದಲು ಹತ್ತು ಸೂಜಿಗಳಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಹೋಗುತ್ತಿದ್ದೆ. ಆ ಹತ್ತೂ ಮುಗಿದ ಮೇಲೆ ಅವಳು ಕೌದಿ ಮಡಚಿಡುತ್ತಿದ್ದಳು. ನನಗೆ ಅದು ತಿಳಿದಿತ್ತು, ಆದರೂ ಹತ್ತರ ಬದಲು ಇಪ್ಪತ್ತು ಪೋಣಿಸಿಡುವುದಕ್ಕಿಂತ ಬೇರೆ ಉಪಾಯವನ್ನು ನಾನು ಹುಡುಕಿರಲಿಲ್ಲ ಎಂಬುದು ಇಂದಿಗೂ ಮನಸ್ಸಿಗೆ ಚುಚ್ಚುತ್ತದೆ. ಈ ಮಳೆಗಾಲದ ಆರಂಭಕ್ಕೆ ಅವಳು ಒಂದು ಪೂರ್ತಿ ಕೌದಿಯನ್ನು ತಾನೇ ದಾರ ಪೋಣಿಸಿಕೊಂಡು ಮುಗಿಸಿದ್ದಾಳೆ. ಸಾಧನಕ್ಕೆ ಒಂದು ಮಿತಿಯಿದೆ: ಕೌದಿಯ ದಪ್ಪ ದಾರವನ್ನು ಜೋರಾಗಿ ಎಳೆದರೆ ತಂತಿ ತಗಡಿನಿಂದ ಕಳಚಿಬರುತ್ತದೆ. ನಾವು ಮೂರು ಕಳೆದುಕೊಂಡಿದ್ದೇವೆ. ಒಮ್ಮೆಗೆ ಐದಾರು ತಂದಿಟ್ಟುಕೊಳ್ಳುವುದು ಒಳ್ಳೆಯದು.

ಮಂಡಕ್ಕಿ ಚೀಲದ ಬಾಯಿ ಕಟ್ಟುವ ಉದ್ದನೆಯ ಪ್ಲಾಸ್ಟಿಕ್ ಕ್ಲಿಪ್ಪುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮಂಡಕ್ಕಿಯಿಲ್ಲದೆ ಸಂಜೆಯಾಗದ ಈ ಊರಿನಲ್ಲಿ, ಮಳೆಗಾಲದಲ್ಲಿಯೂ ನಾಲ್ಕನೆಯ ದಿನಕ್ಕೆ ಗರಿಗರಿಯಾಗಿ ಉಳಿಯುವುದೆಂದರೆ ಅಷ್ಟೇ ಸಾಕು.

ಕೊಳ್ಳಬಾರದಿತ್ತು ಅನಿಸಿದ್ದು ಗ್ಯಾಸ್ ಸಿಲಿಂಡರಿಗೆ ಅಂಟಿಸುವ, ಬಣ್ಣ ಬದಲಿಸುವ ಪಟ್ಟಿ. ದ್ರವರೂಪದ ಅನಿಲ ಇರುವಷ್ಟು ಭಾಗ ತಂಪಾಗಿಯೂ ಖಾಲಿ ಭಾಗ ಬೆಚ್ಚಗೂ ಇರುತ್ತದೆ ಎಂಬ ತತ್ತ್ವ ಸರಿಯೇ. ಆದರೆ ನಮ್ಮ ಪಟ್ಟಿಯಲ್ಲಿ ಏಪ್ರಿಲ್ ತಿಂಗಳ ಸೆಕೆಗೆ ಮೇಲಿನಿಂದ ಕೆಳಗಿನವರೆಗೆ ಒಂದೇ ಬಣ್ಣ ಕಾಣುತ್ತಿತ್ತು. ಒದ್ದೆ ಬಟ್ಟೆಯಿಂದ ಸಿಲಿಂಡರ್ ಒರೆಸಿ, ಯಾವ ಮಟ್ಟದಿಂದ ಕೆಳಗೆ ತೇವ ತಡವಾಗಿ ಆರುತ್ತದೆ ಎಂದು ನೋಡಿದರೆ ಇದಕ್ಕಿಂತ ಚೆನ್ನಾಗಿ ತಿಳಿಯುತ್ತದೆ. ಇನ್ನೂ ನಿಖರವಾಗಿ ಬೇಕಿದ್ದರೆ ತೂಗಿ ನೋಡಬಹುದು: ಖಾಲಿ ಸಿಲಿಂಡರಿನ ತೂಕ ಅದರ ಮೇಲೆಯೇ ಬರೆದಿರುತ್ತದೆ, ತುಂಬಿದ ಅನಿಲ 14.2 ಕಿಲೋ.

ಅಂಗಡಿಯ ಬಗ್ಗೆ ಕೆಲವು ದೂರುಗಳಿವೆ. ಕಪಾಟಿನ ಅನೇಕ ಪೊಟ್ಟಣಗಳ ಮೇಲೆ ಗರಿಷ್ಠ ಮಾರಾಟ ಬೆಲೆಯಾಗಲಿ, ತಯಾರಿಸಿದವರ ಅಥವಾ ಆಮದು ಮಾಡಿಕೊಂಡವರ ವಿಳಾಸವಾಗಲಿ ಇಲ್ಲ. 2011ರ ಪೊಟ್ಟಣ ಸರಕುಗಳ ನಿಯಮಗಳ ಪ್ರಕಾರ ಇವು ಇರಲೇಬೇಕು. ಬಿಲ್ಲನ್ನು ಕೇಳಿದರೆ ಮಾತ್ರ ಕೊಡುತ್ತಾರೆ, ಆದ್ದರಿಂದ ಕೇಳಿ ಪಡೆಯಿರಿ. ಮೂರು ಮೆಟ್ಟಿಲು ಎತ್ತರದ ಕಟ್ಟೆಗೆ ಹಿಡಿದುಕೊಳ್ಳಲು ಕಂಬಿಯಿಲ್ಲದಿರುವುದು, ವಯಸ್ಸಾದವರಿಗೇ ಹೆಚ್ಚು ಉಪಯುಕ್ತವಾದ ಸಾಮಾನು ಮಾರುವ ಅಂಗಡಿಯಲ್ಲಿ ದೊಡ್ಡ ಕೊರತೆ. ಆದರೆ ಬಿಚ್ಚಿ ತೋರಿಸುವ ವಿಷಯದಲ್ಲಿ ಅವರಿಗೆ ಬೇಸರವೆಂಬುದಿಲ್ಲ. ಹಗ್ಗ ಎಳೆದು ತರಕಾರಿ ಹೆಚ್ಚುವ ಡಬ್ಬಿಯನ್ನು ನಾನು ಕೇಳಿದಾಗ, ಅವ್ವನ ಕೈ ನೋಡಿ, “ಇದು ಬ್ಯಾಡ್ರೀ ಅಕ್ಕಾರೆ, ಎಳೆಯೋದ್ರಾಗೆ ಅವ್ವಾರ ಕೈ ನೋಯ್ತದೆ” ಎಂದು ತಾವೇ ಒಳಗಿಟ್ಟರು. ಸಂಜೆ ಮಂಡಿಪೇಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬೆಳಿಗ್ಗೆ ಅಂಗಡಿ ತೆರೆದ ಹೊತ್ತಿಗೆ ಹೋದರೆ ನಿಧಾನವಾಗಿ ನೋಡಬಹುದು.

ಕಳೆದ ವಾರ ಹೋದಾಗ ಒಂದು ಗೇಣಿಗಿಂತ ಚಿಕ್ಕದಾದ, ಎಂಟು ಮುಖಗಳ ಕಬ್ಬಿಣದ ಕೊಳವೆಯನ್ನು ತೋರಿಸಿದರು. ಒಳಗೆ ನಾಲ್ಕು ರೆಕ್ಕೆಗಳಿವೆ; ಒಣಗಿದ ಮೆಕ್ಕೆಜೋಳದ ತೆನೆಯನ್ನು ಅದರೊಳಗೆ ತುರುಕಿ ತಿರುಗಿಸಿದರೆ ಕಾಳುಗಳು ಉದುರುತ್ತವೆ. ಹರಿಹರದ ಕಡೆ ನನ್ನ ಸೋದರಮಾವನ ಮನೆಯಲ್ಲಿ ಕೋಳಿಗೆಂದು ತೆಗೆದಿಟ್ಟ ತೆನೆಗಳನ್ನು ಅತ್ತೆ ಇಂದಿಗೂ ಹೆಬ್ಬೆರಳಿನಿಂದಲೇ ಬಿಡಿಸುತ್ತಾರೆ. ಇದ್ದದ್ದು ಮಾದರಿಯ ಒಂದೇ ಕೊಳವೆ, ಅದನ್ನು ಮಾರಲಿಲ್ಲ. ಕೊಯ್ಲಿನ ಹೊತ್ತಿಗೆ ತರಿಸುವುದಾಗಿ ಹೇಳಿದ್ದಾರೆ. ಎರಡು ಬೇಕೆಂದು ಹೇಳಿ ಬಂದಿದ್ದೇನೆ.